ಗುರುವಿಲ್ಲದ ಊರಿಗೆ ಹೊರಟ ಗುರು

ಕಳೆದ ಮಳೆಗಾಲದ ಒಂದು ರಾತ್ರಿ ಹಾಸ್ಟೆಲಿನ ಊಟದ ಮೇಜಿನಲ್ಲಿ ಗೆಳೆಯನೊಬ್ಬ ಕೇಳಿದ: "ಪಿಎಚ್‌ಡಿ ಮುಗಿಸಿ ಪಾದ್ರಿ ಆಗ್ತೀಯಂತೆ, ಹೌದಾ ಮಾರಾಯ?" ನಾನು ಹೌದು ಎನ್ನಲಿಲ್ಲ, ಅಲ್ಲ ಎನ್ನಲೂ ಇಲ್ಲ. ಅವನೇ ಮುಂದುವರಿಸಿದ: "ಇತಿಹಾಸ ಓದ್ತೀಯ. ನಿಮ್ಮ ಹಿರಿಯರು ಪೋರ್ಚುಗೀಸರಿಗೆ ಹೆದರಿ ಮತ ಬಿಟ್ಟವರು ಅಂತ ನಿನಗೇ ಗೊತ್ತು. ಗೊತ್ತಿದ್ದೂ ಅದೇ ಮಠದ ಒಳಗೆ ಹೋಗ್ತೀಯಾ?"

ಅವನ ದನಿಯಲ್ಲಿ ಕೊಂಕಿರಲಿಲ್ಲ. ಆರು ವರ್ಷದಿಂದ ನನ್ನ ಜೊತೆ ಓದಿದವನು, ಕ್ರಿಸ್‌ಮಸ್‌ಗೆ ನಮ್ಮ ಮನೆಯ ಕುಸ್ವಾರ್ ತಿಂದವನು. ಹಾಗಾಗಿಯೇ ಆ ಪ್ರಶ್ನೆಗೆ ಹಾರಿಕೆಯ ಉತ್ತರ ಕೊಡುವಂತಿರಲಿಲ್ಲ. ಗುರುಮಠಕ್ಕೆ ಕೊಡಬೇಕಾದ ಅರ್ಜಿ ಒಂದು ವರ್ಷದಿಂದ ನನ್ನ ಟ್ರಂಕಿನಲ್ಲಿದೆ. ಕಥೋಲಿಕರ ಮಾತಿನಲ್ಲಿ ಇದನ್ನು 'ದೈವಕರೆಯನ್ನು ವಿವೇಚಿಸುವುದು' ಎನ್ನುತ್ತಾರೆ. ಕರೆದದ್ದು ದೇವರೋ, ಅಮ್ಮನ ಆಸೆಯೋ, ಸಂಬಳದ ಕೆಲಸ ಸಿಗದ ಭಯವೋ ಎಂದು ಸೋಸಿ ನೋಡುವ ಕೆಲಸ ಅದು. ನನಗೆ ಗೊತ್ತಿರುವ ಸೋಸುವ ವಿಧಾನ ಇತಿಹಾಸ ಒಂದೇ. ಅದಕ್ಕೇ ನಮ್ಮ ಕರಾವಳಿಯಲ್ಲಿ ಮೂರು ವರ್ಷ ನಡೆದಾಡಿದ ಒಬ್ಬ ಗುರುವಿನ ಜೀವನವನ್ನು ಮತ್ತೆ ಓದತೊಡಗಿದೆ.

ಅವರ ಹೆಸರು ಜೋಸೆಫ್ ವಾಜ್. 1651ರ ಏಪ್ರಿಲ್ 21ರಂದು ಗೋವೆಯ ಬೆನಾವ್ಲಿಯಲ್ಲಿ, ತಾಯಿಯ ಊರಿನಲ್ಲಿ ಹುಟ್ಟಿದರು. ಬೆಳೆದದ್ದು ತಂದೆಯ ಊರು ಸಾಂಕ್ವಾಳದಲ್ಲಿ. ಮತಾಂತರಗೊಂಡ ಬ್ರಾಹ್ಮಣ ಮನೆತನ, ಮಾತು ಕೊಂಕಣಿ. ಗೋವೆಯಲ್ಲಿ ಯೇಸುಸಭೆಯವರ ಸಂತ ಪೌಲರ ಕಾಲೇಜಿನಲ್ಲಿ ಓದಿ, ದೊಮಿನಿಕನ್ನರಲ್ಲಿ ದೈವಶಾಸ್ತ್ರ ಕಲಿತು, 1676ರಲ್ಲಿ ಗುರುದೀಕ್ಷೆ ಪಡೆದರು. ಊರಿಗೆ ಮರಳಿ, ಮುಂದೆ ಗುರುಗಳಾಗಬಯಸುವ ಹುಡುಗರಿಗಾಗಿ ಒಂದು ಲ್ಯಾಟಿನ್ ಶಾಲೆ ತೆರೆದರು. ಆ ಕಾಲದ ಗೋವೆ ಧರ್ಮವಿಚಾರಣೆಯ ಗೋವೆಯೂ ಹೌದು. 1560ರಲ್ಲಿ ಆರಂಭವಾದ ಆ ನ್ಯಾಯಮಂಡಳಿ, ನಡುವೆ ಕೆಲವು ವರ್ಷ ನಿಂತರೂ, 1812ರವರೆಗೆ ನಡೆಯಿತು. ನನ್ನ ಗೆಳೆಯನ ಮಾತಿನಲ್ಲಿ ಹುರುಳಿಲ್ಲ ಎಂದು ಹೇಳಲು ಯಾವ ದಾಖಲೆಯೂ ನನಗೆ ನೆರವಾಗುವುದಿಲ್ಲ, ಆಗಬೇಕೆಂಬ ಆಸೆಯೂ ನನಗಿಲ್ಲ.

ಆದರೆ ಗೆಳೆಯ ಬಿಟ್ಟ ಒಂದು ಸಂಗತಿಯಿದೆ. ಆ ವ್ಯವಸ್ಥೆಯೊಳಗೆ ಗುರುವಾಗಬಯಸಿದ ಸ್ಥಳೀಯನಿಗೆ ಬಾಗಿಲು ಅರ್ಧ ಮಾತ್ರ ತೆರೆದಿತ್ತು. ಮತ ಒಪ್ಪಿಸುವಾಗ ಇದ್ದ ಅವಸರ, ಪೀಠ ಕೊಡುವಾಗ ಇರಲಿಲ್ಲ. ವಾಜ್‌ಗಿಂತ ಎರಡು ತಲೆಮಾರು ಹಿಂದಿನ ಮಥೇವುಸ್ ದ ಕಾಸ್ತ್ರೊ ಎಂಬ ಗೋವೆಯವರಿಗೆ ತಮ್ಮ ಊರಿನಲ್ಲಿ ಗುರುದೀಕ್ಷೆ ಸಿಗಲಿಲ್ಲ. ಅವರು ರೋಮಿಗೇ ಹೋಗಿ ದೀಕ್ಷೆ ಪಡೆದು, 1637ರಲ್ಲಿ ಧರ್ಮಾಧ್ಯಕ್ಷರೂ ಆದರು. ವಾಜ್‌ರ ಹೊತ್ತಿಗೆ ಸ್ಥಳೀಯರಿಗೆ ಧರ್ಮಕೇಂದ್ರಗಳ ಗುರುಪಟ್ಟ ಸಿಗುತ್ತಿತ್ತು. ಆದರೆ ಫ್ರಾನ್ಸಿಸ್ಕನ್, ದೊಮಿನಿಕನ್, ಯೇಸುಸಭೆ ಮುಂತಾದ ಸನ್ಯಾಸ ಸಂಘಗಳು ಸ್ಥಳೀಯರನ್ನು ಸೇರಿಸಿಕೊಳ್ಳುತ್ತಿರಲಿಲ್ಲ. ಮಠದ ಪಾಠಶಾಲೆಯಲ್ಲಿ ಓದಬಹುದು, ಮಠದ ಒಳಗೆ ಬಾಳುವಂತಿಲ್ಲ.

ಸನ್ಯಾಸದ ಆಸೆ ಇಟ್ಟುಕೊಂಡ ತರುಣನಿಗೆ ಇದು ಎಂಥ ಪೆಟ್ಟೆಂದು ಯೋಚಿಸಿ. 1677ರ ಆಗಸ್ಟ್ 5ರಂದು ವಾಜ್ ಸಾಂಕ್ವಾಳದ ಇಗರ್ಜಿಯಲ್ಲಿ ಒಂದು ಪತ್ರ ಬರೆದಿಟ್ಟರು. ತಾನು ದೇವಮಾತೆ ಮರಿಯಳ ಶಾಶ್ವತ ದಾಸನೆಂದು ತನ್ನನ್ನು ತಾನೇ ಬರೆದುಕೊಟ್ಟ ದಾಸ್ಯಪತ್ರ ಅದು. ಮೊದಲು ಅದನ್ನು ಓದಿದಾಗ ನನಗೆ ಮುಜುಗರವಾಗಿತ್ತು. ಮನುಷ್ಯರನ್ನು ನಿಜಕ್ಕೂ ಕೊಂಡು ಮಾರುತ್ತಿದ್ದ ಗೋವೆಯಲ್ಲಿ ಒಬ್ಬ ಭಾರತೀಯ ತನ್ನನ್ನು ದಾಸನೆಂದು ಕರೆದುಕೊಳ್ಳುವುದೇ? ಎರಡನೇ ಓದಿನಲ್ಲಿ ಬೇರೆಯದು ಕಂಡಿತು. ಪತ್ರ ಬರೆದುಕೊಟ್ಟದ್ದು ಯಾವ ವೈಸರಾಯನಿಗೂ ಅಲ್ಲ, ಯಾವ ಸಂಘದ ಹಿರಿಯನಿಗೂ ಅಲ್ಲ. ಒಬ್ಬಳಿಗೆ ದಾಸನಾದವನನ್ನು ಇನ್ನೊಬ್ಬರು ಕೊಳ್ಳುವಂತಿಲ್ಲ ಎನ್ನುವುದೂ ಅದರೊಳಗಿದೆ. ನನ್ನ ಈ ಓದು ಸರಿಯೆಂದು ಸಾಧಿಸಲಾರೆ. ಆದರೆ ಮುಂದಿನ ಅವರ ಬದುಕು ಅದಕ್ಕೆ ಹೊಂದುತ್ತದೆ.

ವಾಜ್‌ರ ಆಸೆ ಇದ್ದದ್ದು ಸಿಲೋನಿಗೆ ಹೋಗುವುದು. 1656ರಲ್ಲಿ ಕೊಲಂಬೊ, 1658ರಲ್ಲಿ ಜಾಫ್ನಾ ಡಚ್ಚರ ಕೈಸೇರಿದ ಮೇಲೆ ಅಲ್ಲಿ ಕಥೋಲಿಕ ಗುರುಗಳಿಗೆ ನಿಷೇಧ ಬಿದ್ದಿತ್ತು. ಗುರುವಿಗೆ ಆಶ್ರಯ ಕೊಟ್ಟವರಿಗೆ ಮರಣದಂಡನೆಯೆಂದು ಕಟ್ಟಳೆ. ಆದರೆ ಗೋವೆಯ ಹಿರಿಯರು 1681ರಲ್ಲಿ ಅವರನ್ನು ಕಳುಹಿಸಿದ್ದು ಸಿಲೋನಿಗಲ್ಲ, ಕೆನರಾಕ್ಕೆ. ಕೇಳಿದ್ದೊಂದು, ಸಿಕ್ಕಿದ್ದೊಂದು.

ಕೆನರಾ ಆಗ ಕೆಳದಿಯವರ ಆಳ್ವಿಕೆಯಲ್ಲಿತ್ತು. ಶಿವಪ್ಪನಾಯಕನ ಕಾಲದಲ್ಲಿ ಪೋರ್ಚುಗೀಸರ ಕೋಟೆಗಳು ಕೈಬಿಟ್ಟ ಮೇಲೆ ಗುರುಗಳು ವಿರಳವಾಗಿದ್ದರು. ಈಗ ರಾಣಿ ಚೆನ್ನಮ್ಮಾಜಿಯ ಕಾಲ. ಕ್ರೈಸ್ತರಿಗೆ ರಾಜ್ಯದಿಂದ ಕಾಟ ಇರಲಿಲ್ಲ, ಜಗಳ ಇದ್ದದ್ದು ಧರ್ಮಸಭೆಯ ಒಳಗೇ. ಪೂರ್ವದೇಶಗಳ ಇಗರ್ಜಿಗಳ ಮೇಲೆ ಪೋರ್ಚುಗಲ್ ದೊರೆಗೆ ಪೋಪರು ಕೊಟ್ಟಿದ್ದ ಹಕ್ಕು 'ಪಾದ್ರುವಾದೊ'. ಆ ಹಿಡಿತವನ್ನು ಸಡಿಲಿಸಲು ರೋಮ್ 1622ರಲ್ಲಿ ಕಟ್ಟಿದ ಸಂಸ್ಥೆ 'ಪ್ರೊಪಗಾಂಡಾ ಫೀದೆ'. ಮಂಗಳೂರಿನಲ್ಲಿ ಪ್ರೊಪಗಾಂಡಾದ ಧರ್ಮಾಧ್ಯಕ್ಷ ತೋಮಸ್ ದ ಕಾಸ್ತ್ರೊ ಇದ್ದರು. ಆ ಮಥೇವುಸರ ಸೋದರಳಿಯ. ಗೋವೆಯ ಕಡೆಯಿಂದ ಬಂದವರು ವಾಜ್. ಇಬ್ಬರೂ ಕೊಂಕಣಿಗರು, ಇಬ್ಬರೂ ಬೇರೆಯವರ ಜಗಳದಲ್ಲಿ ಎದುರುಬದುರು. ನಡುವೆ ಸಿಕ್ಕವರು ಸಾಮಾನ್ಯ ಜನ. ಯಾರ ಗುರು ಕಟ್ಟಿದ ಮದುವೆ ಮದುವೆ, ಯಾರ ಗುರು ಕೇಳಿದ ಪಾಪನಿವೇದನೆ ನಿಜವಾದದ್ದು ಎಂದು ಅವರು ಕಂಗೆಟ್ಟಿದ್ದರು.

ವಾಜ್ ತಮ್ಮ ಕಡೆಯನ್ನು ಬಿಡಲಿಲ್ಲ. ಆದರೆ ಎದುರಿನವರೊಡನೆ ಮಾತನ್ನೂ ಬಿಡಲಿಲ್ಲ, ರಾಜಿಗೆ ಪ್ರಯತ್ನಿಸಿದರು. ಉಳಿದ ಹೊತ್ತೆಲ್ಲ ಬರಿಗಾಲಲ್ಲಿ ನಡೆದರು. ಮಂಗಳೂರು, ಕಲ್ಯಾಣಪುರ, ಬಸ್ರೂರು, ಕುಂದಾಪುರ, ಗಂಗೊಳ್ಳಿ. ನಮ್ಮ ಕಡೆಯ ಹೊಳೆ, ಹಿನ್ನೀರು, ಕಡವು ಬಲ್ಲವರಿಗೆ ಮಳೆಗಾಲದಲ್ಲಿ ಆ ನಡಿಗೆ ಎಂಥದೆಂದು ಗೊತ್ತು. ಮಂಗಳೂರಿನ ಬಳಿಯ ಮುಡಿಪು ಗುಡ್ಡದಲ್ಲಿ, ಅವರು ಮೊಣಕಾಲೂರಿ ಪ್ರಾರ್ಥಿಸಿದ ಕಡೆ ನೀರು ಚಿಮ್ಮಿತೆಂಬ ನಂಬಿಕೆ ಇದೆ. ನನ್ನ ಅಜ್ಜಿ ಆ ನೀರನ್ನು ಬಾಟಲಿಯಲ್ಲಿ ತಂದು ದೇವರ ಪಟದ ಹಿಂದೆ ಇಡುತ್ತಿದ್ದರು. ಸಂಶೋಧಕನಾಗಿ ಆ ಒರತೆಯ ಬಗ್ಗೆ ನನಗೆ ಹೇಳಲು ಏನೂ ಇಲ್ಲ. ಮೊಮ್ಮಗನಾಗಿ ಜ್ವರ ಬಂದಾಗಲೆಲ್ಲ ಅದನ್ನು ಕುಡಿದಿದ್ದೇನೆ.

1684ರಲ್ಲಿ ಅವರು ಗೋವೆಗೆ ಮರಳಿದರು. ಅಲ್ಲಿ ಕೆಲವು ಸ್ಥಳೀಯ ಗುರುಗಳು ಒಟ್ಟಾಗಿ ಬಾಳತೊಡಗಿದ್ದರು. 1685ರ ಸೆಪ್ಟೆಂಬರಿನಲ್ಲಿ ವಾಜ್ ಅವರನ್ನು ಸೇರಿ ಮುಖ್ಯಸ್ಥರಾದರು. ಸಂತ ಫಿಲಿಪ್ ನೇರಿಯ 'ಒರಟರಿ' ಪದ್ಧತಿಯಲ್ಲಿ ಹಳೆ ಗೋವೆಯ ಪವಾಡ ಶಿಲುಬೆಯ ಇಗರ್ಜಿಯಲ್ಲಿ ಸ್ಥಳೀಯರದೇ ಒಂದು ಸಂಘ ನಿಂತಿತು. ಒಳಗೆ ಬಿಡದ ಮನೆಯ ಹೊರಗೆ ನಿಂತು ಬೈಯುವ ಬದಲು ಇನ್ನೊಂದು ಮನೆ ಕಟ್ಟಿದರು ಎಂದು ಹೆಮ್ಮೆಯಿಂದ ಹೇಳಬಹುದು. ಆದರೆ ಆ ಮನೆಗೂ ಒಂದು ಹೊಸ್ತಿಲಿತ್ತು. ಒರಟರಿ ಬಹುಕಾಲ ಬ್ರಾಹ್ಮಣ ಮೂಲದವರದೇ ಮಠವಾಗಿ ಉಳಿಯಿತು. ಬಣ್ಣದ ಗೋಡೆಯನ್ನು ಎದುರಿಸಿದವರು ಜಾತಿಯ ಗೋಡೆಯನ್ನು ಹಾಗೇ ಬಿಟ್ಟರು. ಸಂತರ ಕಥೆ ಹೇಳುವಾಗ ಇದನ್ನು ನುಂಗಿಕೊಂಡರೆ ನನ್ನ ಗೆಳೆಯನ ಮುಂದೆ ನಾನು ಸೋತಂತೆಯೇ.

1687ರಲ್ಲಿ, ಕೊನೆಗೂ, ವಾಜ್ ತೂತುಕುಡಿಯಿಂದ ಕೂಲಿಯಾಳಿನ ವೇಷದಲ್ಲಿ ಸಿಲೋನಿಗೆ ದಾಟಿದರು. ಜೊತೆಗೆ ಜುವಾಂವ್ ಎಂಬ ಸೇವಕ. ಜಾಫ್ನಾ ಮುಟ್ಟುವಾಗ ಇಬ್ಬರಿಗೂ ಭೇದಿ ಹಿಡಿದಿತ್ತು. ರೋಗ ಹರಡೀತೆಂದು ಜನ ಹೊರಹಾಕಿದರು. ಒಬ್ಬ ಹೆಂಗಸು ತಂದುಕೊಟ್ಟ ಗಂಜಿಯಿಂದ ಬದುಕಿದರು. ಸುಧಾರಿಸಿಕೊಂಡ ಮೇಲೆ ಅವರು ಮಾಡಿದ ಉಪಾಯ ಸರಳವಾಗಿತ್ತು. ಕೊರಳಿಗೆ ಜಪಸರ ಹಾಕಿಕೊಂಡು ಮನೆಮನೆಗೆ ಭಿಕ್ಷೆಗೆ ಹೋದರು. ಬಾಯಿಬಿಟ್ಟು ಏನೂ ಹೇಳಲಿಲ್ಲ. ಜಪಸರ ಕಂಡು ಯಾರ ಕಣ್ಣು ನಿಲ್ಲುತ್ತದೆಂದು ನೋಡಿದರು.

ಯಾಕೆಂದರೆ ಅಲ್ಲಿ ಸುಮಾರು 30 ವರ್ಷ ಗುರುಗಳಿರಲಿಲ್ಲ. ಜನ ಮಕ್ಕಳನ್ನು ಡಚ್ಚರ ಇಗರ್ಜಿಯ ಪಟ್ಟಿಯಲ್ಲಿ ಬರೆಸುತ್ತಿದ್ದರು, ಮನೆಯಲ್ಲಿ ಗುಟ್ಟಾಗಿ ಜಪಸರ ಹೇಳುತ್ತಿದ್ದರು. ಹಳ್ಳಿಗಳಲ್ಲಿ ಅಣ್ಣಾವಿ, ಮುಪ್ಪು ಎಂದು ಕರೆಸಿಕೊಳ್ಳುವ ಸಾಮಾನ್ಯ ಗೃಹಸ್ಥರೇ ಪ್ರಾರ್ಥನೆ ನಡೆಸಿ ವಿಶ್ವಾಸವನ್ನು ಉಳಿಸಿದ್ದರು. ಇದು ನನ್ನನ್ನು ಬಹಳ ಕಾಡಿದ ಸಂಗತಿ. ಗುರುವಿಲ್ಲದೆಯೂ ವಿಶ್ವಾಸ ಬದುಕಿತ್ತು. ನಮ್ಮ ಕೆನರಾದ ಕ್ರೈಸ್ತರೂ 1784ರಿಂದ 1799ರವರೆಗೆ ಶ್ರೀರಂಗಪಟ್ಟಣದ ಸೆರೆಯಲ್ಲಿ ಇಂಥದೇ ಕಾಲವನ್ನು ಕಂಡವರು. ಹಾಗಿದ್ದರೆ ಗುರು ಯಾಕೆ ಬೇಕು? ವಾಜ್ ಬಂದಾಗ ಆ ಜನ ಕೇಳಿದ್ದು ತರ್ಕವನ್ನಲ್ಲ. ಪಾಪನಿವೇದನೆಗೆ ಒಂದು ಕಿವಿ, ಸಾಯುವವರ ಹಣೆಗೆ ಎಣ್ಣೆ, ಇರುಳಿನ ಒಂದು ಬಲಿಪೂಜೆ. ಇವನ್ನು ಅಣ್ಣಾವಿ ಕೊಡುವಂತಿರಲಿಲ್ಲ. ಗುರುವಿನ ಜಾಗ ಎಷ್ಟು ಚಿಕ್ಕದು, ಆದರೂ ಎಷ್ಟು ಖಾಲಿ ಉಳಿದೀತು ಎಂದು ನನಗೆ ತಿಳಿದದ್ದು ಇಲ್ಲಿ.

ಇನ್ನು ನನ್ನ ನಿದ್ದೆಗೆಡಿಸಿದ ಘಟನೆ. 1689ರ ಕ್ರಿಸ್‌ಮಸ್ ಇರುಳು, ಜಾಫ್ನಾದಲ್ಲಿ ಪೂಜೆಗೆ ಜನ ಗುಟ್ಟಾಗಿ ಸೇರಿದ್ದಾಗ ಡಚ್ ಸೈನಿಕರು ದಾಳಿ ಮಾಡಿದರು. ವಾಜ್ ಸಿಗಲಿಲ್ಲ. ಸೇರಿದ್ದವರು ಸಿಕ್ಕರು. ಮುಂದಾಳುಗಳಿಗೆ ಚಾಟಿಯೇಟು, ಸೆರೆ. ಸಂತಚರಿತ್ರೆಗಳು ಗುರು ತಪ್ಪಿಸಿಕೊಂಡದ್ದನ್ನು ದೈವಕೃಪೆ ಎನ್ನುತ್ತವೆ. ಏಟು ತಿಂದವನ ಹೆಂಡತಿಗೆ ಅದು ಏನೆನಿಸಿತ್ತು? ಗುರುವಿನ ಧೈರ್ಯದ ಬೆಲೆಯನ್ನು ಬೇರೆಯವರು ತೆರುತ್ತಾರೆ ಎಂಬುದನ್ನು ಅರ್ಜಿ ತುಂಬುವ ಮೊದಲು ಒಬ್ಬನು ತಿಳಿದಿರಬೇಕು. ವಾಜ್‌ಗೆ ಅದು ತಿಳಿದಿತ್ತೇ? ಅವರು ಗೋವೆಗೆ ಹಿಂತಿರುಗಲಿಲ್ಲ ಎಂಬುದಷ್ಟೇ ನಮಗಿರುವ ಉತ್ತರ. ತಾಯ್ನಾಡನ್ನು ಮತ್ತೆಂದೂ ನೋಡದೆ ಅಲ್ಲೇ ಉಳಿದರು.

1692ರಲ್ಲಿ ಅವರು ಕ್ಯಾಂಡಿಗೆ ಹೋದರು. ಪೋರ್ಚುಗೀಸರ ಗೂಢಚಾರನೆಂದು ಹಿಡಿದು ಸೆರೆಯಲ್ಲಿಟ್ಟರು. ಅಲ್ಲೇ ಸಿಂಹಳ ಕಲಿತರು. ಕ್ರಮೇಣ ದೊರೆ ಎರಡನೇ ವಿಮಲಧರ್ಮಸೂರ್ಯ ಅವರನ್ನು ನಂಬಿ ಓಡಾಡಲು ಬಿಟ್ಟ. 1697ರಲ್ಲಿ ಸಿಡುಬು ಹಬ್ಬಿ ಜನ ಊರು ಬಿಟ್ಟು ಓಡಿದಾಗ, ವಾಜ್ ಮತ್ತು ಗೋವೆಯಿಂದ ಬಂದಿದ್ದ ಗುರು ಜೋಸೆಫ್ ಕಾರ್ವಾಲ್ಯೊ ರೋಗಿಗಳನ್ನು ಶುಶ್ರೂಷೆ ಮಾಡಿದರು, ಸತ್ತವರನ್ನು ಹೂಳಿದರು. ಯಾರು ಯಾವ ಮತವೆಂದು ನೋಡಲಿಲ್ಲ. ಕ್ರೈಸ್ತರಾದ ಡಚ್ಚರು ಬೇಟೆಯಾಡುತ್ತಿದ್ದ ಒಬ್ಬ ಕ್ರೈಸ್ತ ಗುರುವಿಗೆ ನೆರಳು ಕೊಟ್ಟದ್ದು ಬೌದ್ಧ ದೊರೆಗಳು. ವಿಶ್ವಾಸದ ಸಮರ್ಥನೆ ಎಂದರೆ ವಾದದಲ್ಲಿ ಗೆಲ್ಲುವುದು ಎಂದುಕೊಂಡಿದ್ದ ನನಗೆ ಈ ಪುಟಗಳು ಬೇರೆ ಪಾಠ ಕಲಿಸಿದವು. ಪರರ ಔದಾರ್ಯದಲ್ಲಿ ಬದುಕಿದ ವಿಶ್ವಾಸ ಪರರನ್ನು ಹಳಿಯುವಂತಿಲ್ಲ.

1705ರಲ್ಲಿ ಗೋವೆಯ ದಿವಾಡಿ ದ್ವೀಪದ ಜಾಕೊಮ್ ಗೊನ್ಸಾಲ್ವಿಸ್ ಅವರನ್ನು ಸೇರಿಕೊಂಡರು. ಕೊಂಕಣಿ ಮನೆಮಾತಿನ ಆತ ಮುಂದೆ ಸಿಂಹಳ, ತಮಿಳುಗಳಲ್ಲಿ ಬರೆದ ಕೃತಿಗಳಿಂದ ಸಿಂಹಳದ ಕಥೋಲಿಕ ಸಾಹಿತ್ಯಕ್ಕೆ ಅಡಿಪಾಯ ಹಾಕಿದವರೆಂದು ಹೆಸರಾದರು. ಸಾಹಿತ್ಯದ ವಿದ್ಯಾರ್ಥಿಗಳು ಅವರನ್ನು ಬೇರೆಯಾಗಿಯೇ ಓದಬೇಕು. ವಾಜ್ 1711ರ ಜನವರಿ 16ರಂದು ಕ್ಯಾಂಡಿಯಲ್ಲಿ ತೀರಿಕೊಂಡರು. 1995ರಲ್ಲಿ ಎರಡನೇ ಜಾನ್ ಪೌಲ್ ಅವರನ್ನು ಪುನೀತರೆಂದೂ, 2015ರ ಜನವರಿ 14ರಂದು ಪೋಪ್ ಫ್ರಾನ್ಸಿಸ್ ಕೊಲಂಬೊದಲ್ಲಿ ಸಂತರೆಂದೂ ಸಾರಿದರು.

ಇಷ್ಟನ್ನೂ ಗೆಳೆಯನಿಗೆ ಒಂದೇ ರಾತ್ರಿಯಲ್ಲಿ ಹೇಳಲಿಲ್ಲ. ಹಲವು ಸಂಜೆಗಳಲ್ಲಿ, ಚಹಾದ ಅಂಗಡಿಯ ಬೆಂಚಿನ ಮೇಲೆ, ತುಂಡುತುಂಡಾಗಿ ಹೇಳಿದೆ. ಅವನ ಪ್ರಶ್ನೆಗೆ ನಾನು ಕೊಟ್ಟ ಉತ್ತರ ಇಷ್ಟು: ಮತ ನಮ್ಮ ಹಿರಿಯರಿಗೆ ಹೇಗೆ ಬಂತೆಂಬುದರಲ್ಲಿ ಭಯವೂ ಇದೆ, ಅದನ್ನು ಅಲ್ಲಗಳೆಯಲಾರೆ. ಬಂದ ಮೇಲೆ ಅದನ್ನು ಅವರು ತಮ್ಮದಾಗಿ ಮಾಡಿಕೊಂಡದ್ದು, ಕೊಟ್ಟವರೇ ಬಾಗಿಲು ಹಾಕಿದಾಗಲೂ ಬಿಡದೆ ಹಿಡಿದದ್ದು ಕೂಡ ಇತಿಹಾಸವೇ. ಮೊದಲನೆಯದು ನನಗೆ ನಾಚಿಕೆ ಕಲಿಸಿದೆ, ಎರಡನೆಯದು ನನ್ನನ್ನು ಕರೆಯುತ್ತಿದೆ. ಅವನು ಪೂರ್ತಿ ಒಪ್ಪಲಿಲ್ಲ. "ಜಾತಿಯ ವಿಷಯ ನೀನಾಗೇ ಹೇಳಿದೆಯಲ್ಲ, ಅದು ಸರಿ" ಎಂದ.

ಊರಿಗೆ ಹೋದಾಗ ಅಮ್ಮನಿಗೆ ಅರ್ಜಿ ತೋರಿಸಿದೆ. ಕುಣಿದಾಡುತ್ತಾರೆ ಎಂದುಕೊಂಡಿದ್ದೆ. ಅವರು ಕನ್ನಡಕ ಹಾಕಿಕೊಂಡು ಎಲ್ಲ ಕಲಮುಗಳನ್ನೂ ಓದಿ, "ಥೀಸಿಸ್ ಮೊದಲು ಮುಗಿಸು. ಅರ್ಧ ಬಿಟ್ಟು ಬಂದವನನ್ನು ದೇವರು ಏನು ಮಾಡುತ್ತಾನೆ?" ಎಂದರು. ಅದೂ ಒಂದು ವಿವೇಚನೆಯೇ.

ಹಾಗಾಗಿ ಅರ್ಜಿ ಇನ್ನೂ ಟ್ರಂಕಿನಲ್ಲಿದೆ. 'ಗುರುವಾಗಲು ಏಕೆ ಬಯಸುತ್ತೀರಿ' ಎಂಬ ಕಲಮಿನಲ್ಲಿ ಪೆನ್ಸಿಲಿನಲ್ಲಿ ಎರಡು ಸಾಲು ಬರೆದು, ಒಂದನ್ನು ಅಳಿಸಿದ್ದೇನೆ. ಬರುವ ಜನವರಿ 16ಕ್ಕೆ, ಸಂತರ ಹಬ್ಬಕ್ಕೆ, ಮುಡಿಪಿಗೆ ಹೋಗುವುದೆಂದು ನಿಶ್ಚಯಿಸಿದ್ದೇನೆ. ಗೆಳೆಯನಿಗೆ ಹೇಳಿದಾಗ ಅವನು ಕೇಳಿದ್ದು ಒಂದೇ: "ಊಟ ಇರ್ತದಾ?" ಇಲ್ಲದಿದ್ದರೆ ದಾರಿಯಲ್ಲಿ ನಾನೇ ಕೊಡಿಸುತ್ತೇನೆ ಎಂದಿದ್ದೇನೆ. ಅವನು ಬರುತ್ತಾನೆ.