ಡ್ರ್ಯಾಗನ್ ಕತೆಗಳ ಮೇಲೆ ಯಾಕಿಷ್ಟು ಸಿಟ್ಟು? ಅಭಿಮಾನಿಗಳ ತಕರಾರುಗಳನ್ನ ಅರ್ಥ ಮಾಡ್ಕೊಳ್ಳೋದು ಹೇಗೆ

(ಸೂಚನೆ: ‘ಗೇಮ್ ಆಫ್ ಥ್ರೋನ್ಸ್’, ‘ಹೌಸ್ ಆಫ್ ದಿ ಡ್ರ್ಯಾಗನ್’ ಮತ್ತಿತರ ಸರಣಿಗಳ ಕತೆಯ ತಿರುವುಗಳು ಈ ಬರಹದಲ್ಲಿವೆ. ಇನ್ನೂ ನೋಡದವರು ಗಮನಿಸಿ.)

2019ರ ಮೇ 19ರಂದು ‘ಗೇಮ್ ಆಫ್ ಥ್ರೋನ್ಸ್’ ಸರಣಿಯ ಕೊನೆಯ ಕಂತು ಪ್ರಸಾರವಾಯ್ತು. ಅಮೆರಿಕವೊಂದರಲ್ಲೇ ಅವತ್ತು 1.93 ಕೋಟಿ ಜನ ಅದನ್ನ ನೋಡಿದ್ರು. ಎಚ್‌ಬಿಒ ವಾಹಿನಿಯ ಮಟ್ಟಿಗೆ ಅದು ದಾಖಲೆ. ಅದೇ ಹೊತ್ತಿಗೆ ಇನ್ನೊಂದು ಲೆಕ್ಕವೂ ಏರ್ತಾ ಇತ್ತು. ಎಂಟನೇ ಸೀಸನ್ನನ್ನು ಬೇರೆ ಬರಹಗಾರರ ಕೈಲಿ ಹೊಸದಾಗಿ ಮಾಡಿಸಿ ಅಂತ ಕೇಳುವ ಆನ್‌ಲೈನ್ ಅರ್ಜಿಯೊಂದಕ್ಕೆ ಕೊನೆಯ ಕಂತು ಬರುವ ಮೊದಲೇ 10 ಲಕ್ಷಕ್ಕೂ ಹೆಚ್ಚು ಸಹಿ ಬಿದ್ದಿತ್ತು. ಮುಂದೆ ಅದು 15 ಲಕ್ಷವನ್ನೂ ದಾಟಿತು. ನಾಲ್ಕು ತಿಂಗಳ ನಂತರ, ಜನ ಬೈದ ಅದೇ ಸೀಸನ್ನಿಗೆ ಶ್ರೇಷ್ಠ ಡ್ರಾಮಾ ಸರಣಿಯ ಎಮ್ಮಿ ಪ್ರಶಸ್ತಿ ಬಂತು.

ಇದನ್ನೆಲ್ಲ ‘ಫ್ಯಾನ್‌ಗಳ ಗಲಾಟೆ’ ಅಂತ ತಳ್ಳಿಹಾಕೋದು ಸುಲಭ. ಆದರೆ ಬಿಡಿಸಿ ನೋಡಿದರೆ ಅದರೊಳಗೆ ಕನಿಷ್ಠ ನಾಲ್ಕು ಬೇರೆ ಬೇರೆ ದೂರುಗಳಿವೆ. ಕೆಲವು ಗಟ್ಟಿ, ಕೆಲವು ಟೊಳ್ಳು. ಎಲ್ಲವನ್ನೂ ಒಂದೇ ಬುಟ್ಟಿಗೆ ಹಾಕಿದರೆ ನಷ್ಟ ಆಗೋದು ಗಟ್ಟಿ ದೂರುಗಳಿಗೇ.

ಮೊದಲು ಸ್ವಲ್ಪ ಹಿನ್ನೆಲೆ

ಜಾರ್ಜ್ ಆರ್. ಆರ್. ಮಾರ್ಟಿನ್ ಅವರ ಕಾದಂಬರಿ ಮಾಲೆಯ ಮೊದಲ ಪುಸ್ತಕ ಬಂದದ್ದು 1996ರಲ್ಲಿ. ಐದನೆಯದು 2011ರಲ್ಲಿ. ಅದೇ ವರ್ಷ ಟಿವಿ ಸರಣಿಯೂ ಶುರುವಾಯ್ತು. ಆರನೇ ಪುಸ್ತಕ ಬೇಗ ಬರುತ್ತೆ ಅನ್ನೋ ನಿರೀಕ್ಷೆ ಇತ್ತು, ಬರಲಿಲ್ಲ. 2016ರ ಆರನೇ ಸೀಸನ್ ಹೊತ್ತಿಗೆ ಸರಣಿ ಪುಸ್ತಕಗಳನ್ನು ದಾಟಿ ಮುಂದೆ ಹೋಗಿತ್ತು. ಅಲ್ಲಿಂದಾಚೆ ನಿರ್ಮಾತೃಗಳಾದ ಡೇವಿಡ್ ಬೆನಿಯಾಫ್ ಮತ್ತು ಡಿ. ಬಿ. ವೈಸ್ ಕೈಲಿ ಇದ್ದದ್ದು ಮಾರ್ಟಿನ್ ಹೇಳಿದ ಕತೆಯ ಮುಖ್ಯ ಘಟ್ಟಗಳು ಮಾತ್ರ. ಆ ಘಟ್ಟಗಳ ನಡುವಿನ ದಾರಿಯನ್ನ ಅವರೇ ಕಡಿಯಬೇಕಿತ್ತು.

ಮೊದಲ ಆರು ಸೀಸನ್ನುಗಳಲ್ಲಿ ತಲಾ 10 ಕಂತು. ಏಳನೆಯದರಲ್ಲಿ 7. ಎಂಟನೆಯದರಲ್ಲಿ ಬರೀ 6. ಕತೆಯ ಗಂಟುಗಳು ಜಾಸ್ತಿ ಆಗ್ತಾ ಹೋದವು, ಬಿಚ್ಚೋಕೆ ಇದ್ದ ಸಮಯ ಕಡಿಮೆ ಆಗ್ತಾ ಹೋಯ್ತು. ಇದು ಹಣದ ಕೊರತೆಯಿಂದ ಆದದ್ದಲ್ಲ. ಹೆಚ್ಚು ಕಂತುಗಳಿಗೆ ವಾಹಿನಿ ತಯಾರಿತ್ತು. ಬೇಗ ಮುಗಿಸೋದು ನಿರ್ಮಾತೃಗಳದ್ದೇ ತೀರ್ಮಾನ.

ದೂರು 1: ತಿರುವು ತಪ್ಪಲ್ಲ, ತಯಾರಿ ಸಾಲದು

ಹೆಚ್ಚು ಚರ್ಚೆ ಆದದ್ದು ಡನೇರಿಸ್ ಪಾತ್ರದ ಬಗ್ಗೆ. ಗುಲಾಮರ ಸರಪಳಿ ಕಡಿದವಳು, ಎಂಟನೇ ಸೀಸನ್ನಿನ ಐದನೇ ಕಂತಿನಲ್ಲಿ, ಶರಣಾಗತಿಯ ಗಂಟೆ ಬಾರಿಸಿದ ಮೇಲೂ ಇಡೀ ರಾಜಧಾನಿಯನ್ನ ಡ್ರ್ಯಾಗನ್ನಿನಿಂದ ಸುಟ್ಟುಹಾಕ್ತಾಳೆ. ಅಮೆರಿಕದಲ್ಲಿ ವರ್ಷಕ್ಕೆ ನೂರಾರು ಹೆಣ್ಣುಮಕ್ಕಳಿಗೆ ‘ಖಲೀಸಿ’ ಅನ್ನೋ ಅವಳ ಬಿರುದನ್ನೇ ಹೆಸರಾಗಿ ಇಡ್ತಾ ಇದ್ದ ಕಾಲ ಅದು.

ಸಮರ್ಥಿಸುವವರ ವಾದ ಹೀಗೆ: ಸೂಚನೆಗಳು ಮೊದಲಿಂದಲೂ ಇದ್ದವು. ಮೀರೀನ್ ನಗರದಲ್ಲಿ ಅವಳು 163 ಜನ ಒಡೆಯರನ್ನ ಶಿಲುಬೆಗೇರಿಸಿದ್ದಳು. ಮಣಿಯದ ಟಾರ್ಲಿ ತಂದೆ-ಮಗನನ್ನ ಜೀವಂತ ಸುಟ್ಟಿದ್ದಳು. ನೋಡುಗರು ಅವಳನ್ನ ಪ್ರೀತಿಸಿದ್ದರಿಂದ ಅದನ್ನೆಲ್ಲ ನ್ಯಾಯ ಅಂದುಕೊಂಡ್ರು, ಕೊನೆಗೆ ಕತೆ ಅವರ ಕಣ್ಣು ತೆರೆಸಿತು.

ಒಳ್ಳೆಯ ವಾದವೇ. ಆದರೆ ಟೀಕಾಕಾರರ ಪ್ರಶ್ನೆ ಬೇರೆ. ಆ ಹಿಂದಿನ ಘಟನೆಗಳಲ್ಲೆಲ್ಲ ಎದುರಿಗಿದ್ದದ್ದು ಒಡೆಯರು ಇಲ್ಲವೇ ಅವಳ ವಿರುದ್ಧ ಕತ್ತಿ ಹಿಡಿದವರು. ಶರಣಾದ ಸಾಮಾನ್ಯ ಜನರನ್ನ, ಮಕ್ಕಳನ್ನ ಸುಡೋದು ಅದೇ ಗೆರೆಯ ಮುಂದಿನ ಹೆಜ್ಜೆ ಅಲ್ಲ, ಇನ್ನೊಂದು ಗೆರೆ. ಅದನ್ನ ದಾಟೋಕೆ ಒಳಗಿಂದ ಏನಾಯ್ತು ಅನ್ನೋದನ್ನ ತೋರಿಸೋಕೆ ಸಮಯ ಬೇಕಿತ್ತು. ಸಿಕ್ಕಿದ್ದು ಎರಡು ಕಂತು ಮತ್ತು ಒಂದು ಕ್ಲೋಸಪ್.

ಜೇಮಿ ಲ್ಯಾನಿಸ್ಟರ್ ವಿಷಯದಲ್ಲೂ ಇದೇ ತಕರಾರು. ರಾಜಧಾನಿಯ ಜನ ಸುಟ್ಟು ಸಾಯಬಾರದು ಅಂತಲೇ ತಾನು ರಾಜನನ್ನ ಕೊಂದೆ ಅಂತ ಮೂರನೇ ಸೀಸನ್ನಿನಲ್ಲಿ ಹೇಳಿಕೊಂಡವನು ಅವನು. ಎಂಟನೆಯದರಲ್ಲಿ, ಆ ಜನರ ಬಗ್ಗೆ ತನಗೆ ಯಾವತ್ತೂ ಅಂಥಾ ಕಾಳಜಿ ಇರಲಿಲ್ಲ ಅಂತಾನೆ. ಮನುಷ್ಯ ಬದಲಾಗಬಹುದು, ಸುಳ್ಳೂ ಹೇಳಬಹುದು. ಯಾವುದು ಅಂತ ಊಹಿಸೋಕಾದರೂ ಕತೆ ಒಂದು ಎಳೆ ಬಿಡಬೇಕಲ್ಲವಾ?

ದೂರು 2: ಲೋಕದ ನಿಯಮ ಮುರಿಯೋದು

ಡ್ರ್ಯಾಗನ್ ಹಾರೋದನ್ನ ಒಪ್ಪಿಕೊಂಡವರು ಹಡಗು ಬೇಗ ಬಂತು ಅಂತ ಯಾಕೆ ಕೊಸರಾಡ್ತಾರೆ? ಈ ಲೇವಡಿ ತುಂಬಾ ಹಳೆಯದು. ಉತ್ತರ ಸರಳ. ಮಾಯಾಲೋಕದಲ್ಲಿ ಏನು ಬೇಕಾದರೂ ಆಗಬಹುದು, ಆದರೆ ಒಮ್ಮೆ ಹಾಕಿದ ನಿಯಮ ಕೊನೇವರೆಗೂ ನಿಲ್ಲಬೇಕು. ಇಲ್ಲದಿದ್ದರೆ ಅಪಾಯಕ್ಕೆ ಅರ್ಥವೇ ಇರಲ್ಲ.

ಮೊದಲ ಕಂತಿನಲ್ಲಿ ರಾಜನ ಪರಿವಾರ ಉತ್ತರದ ವಿಂಟರ್‌ಫೆಲ್ ತಲುಪೋಕೆ ಒಂದು ತಿಂಗಳು ಹಿಡಿದಿತ್ತು. ಆ ದೂರವೇ ಕತೆಯನ್ನ ನಡೆಸ್ತಿತ್ತು. ಸುದ್ದಿ ತಡವಾಗಿ ಮುಟ್ಟೋದು, ಸಹಾಯ ಬರದೇ ಇರೋದು ಎಲ್ಲ ಅದರಿಂದಲೇ. ಏಳನೇ ಸೀಸನ್ನಿನಲ್ಲಿ ಮಹಾಗೋಡೆಯ ಆಚೆ ಸಿಕ್ಕಿಬಿದ್ದವರ ಸಂದೇಶ ಹೊತ್ತ ಕಾಗೆ ದಕ್ಷಿಣಕ್ಕೆ ಹಾರಿ, ಅಲ್ಲಿಂದ ಡ್ರ್ಯಾಗನ್‌ಗಳು ಸರಿಯಾದ ಹೊತ್ತಿಗೆ ಬಂದಿಳೀತವೆ. ಕಾಲದ ಲೆಕ್ಕ ಸ್ವಲ್ಪ ಮಸುಕಾಗಿದೆ ಅಂತ ಆ ಕಂತಿನ ನಿರ್ದೇಶಕ ಅಲನ್ ಟೇಲರ್ ಅವರೇ ಒಪ್ಪಿಕೊಂಡ್ರು.

ಇದಕ್ಕಿಂತ ನಗೆಪಾಟಲಾದದ್ದು ಎಂಟನೇ ಸೀಸನ್ನಿನ ನಾಲ್ಕನೇ ಕಂತು. ಯೂರಾನ್‌ನ ನೌಕಾಪಡೆ ಎದುರಿಗೇ ನಿಂತು ಡನೇರಿಸ್‌ಳ ಡ್ರ್ಯಾಗನ್ ಒಂದನ್ನ ಹೊಡೆದುರುಳಿಸುತ್ತೆ. ಆಕಾಶದಿಂದ ನೋಡ್ತಾ ಬಂದವಳಿಗೆ ಅದು ಯಾಕೆ ಕಾಣಲಿಲ್ಲ? ಆ ನೌಕಾಪಡೆಯನ್ನ ಅವಳು ಒಂಥರಾ ಮರೆತುಬಿಟ್ಟಿದ್ದಳು ಅನ್ನೋ ಅರ್ಥದ ವಿವರಣೆ ಕೊಟ್ಟದ್ದು ಸ್ವತಃ ಬೆನಿಯಾಫ್. ಹಿಂದಿನ ಸೀಸನ್ನಿನಲ್ಲಿ ಅವಳ ಪಾಳಯದ ಹಡಗುಗಳನ್ನ ಸುಟ್ಟದ್ದೇ ಆ ಪಡೆ!

ದೂರು 3: ಹೆಣ್ಣಿನ ನೋವು ಯಾರ ಕತೆಗೆ ಗೊಬ್ಬರ?

2015ರ ಮೇ ತಿಂಗಳಲ್ಲಿ ಬಂದ ಐದನೇ ಸೀಸನ್ನಿನ ಆರನೇ ಕಂತಿನಲ್ಲಿ ಸಾನ್ಸಾ ಸ್ಟಾರ್ಕ್ ಮೇಲೆ ಮದುವೆಯ ರಾತ್ರಿ ಅತ್ಯಾಚಾರ ಆಗುತ್ತೆ. ಪುಸ್ತಕದಲ್ಲಿ ಆ ಮದುವೆ, ಆ ಹಿಂಸೆ ಜೇನ್ ಪೂಲ್ ಅನ್ನೋ ಬೇರೊಬ್ಬ ಹುಡುಗಿಯದ್ದು. ಸರಣಿ ಅದನ್ನ ತಂದು ಸಾನ್ಸಾಗೆ ಅಂಟಿಸಿತು. ಮೇಲಾಗಿ ದೃಶ್ಯದ ಕೊನೆಗೆ ಕ್ಯಾಮೆರಾ ನೆಟ್ಟದ್ದು ಅವಳ ಮೇಲಲ್ಲ, ಅದನ್ನ ನೋಡ್ತಾ ಅಳುವ ಥಿಯಾನ್ ಮುಖದ ಮೇಲೆ. ಅಂದರೆ ಅವಳ ನೋವು ಅವನ ಬದಲಾವಣೆಗೆ ಮೆಟ್ಟಿಲು. ‘ದಿ ಮೇರಿ ಸ್ಯೂ’ ಜಾಲತಾಣ ಇನ್ನು ಈ ಸರಣಿಗೆ ಪ್ರಚಾರ ಕೊಡಲ್ಲ ಅಂತ ಪ್ರಕಟಿಸಿತು. ಅಮೆರಿಕದ ಆಗಿನ ಸೆನೆಟರ್ ಕ್ಲೇರ್ ಮೆಕ್ಯಾಸ್ಕಿಲ್ ತಾನಿನ್ನು ನೋಡಲ್ಲ ಅಂದ್ರು.

ನಾಲ್ಕು ವರ್ಷದ ನಂತರ ಗಾಯಕ್ಕೆ ಉಪ್ಪು ಬಿತ್ತು. ಆ ಕ್ರೂರಿಗಳು ಇಲ್ಲದಿದ್ದರೆ ತಾನು ಪುಟ್ಟ ಹಕ್ಕಿಯಾಗೇ ಉಳೀತಿದ್ದೆ ಅನ್ನೋ ಅರ್ಥದ ಮಾತನ್ನ ಸಾನ್ಸಾ ಬಾಯಲ್ಲೇ ಹೇಳಿಸಿದ್ರು. ಅತ್ಯಾಚಾರ ಪಾತ್ರವನ್ನ ಗಟ್ಟಿ ಮಾಡುವ ಸಾಧನವಲ್ಲ ಅಂತ ನಟಿ ಜೆಸಿಕಾ ಚಾಸ್ಟೇನ್ ಬಹಿರಂಗವಾಗಿ ಆಕ್ಷೇಪಿಸಿದ್ರು. ಅದೇ ಕಂತಿನಲ್ಲಿ, ಗುಲಾಮಗಿರಿಯಿಂದ ಬಿಡುಗಡೆಯಾಗಿ ಬಂದ ಮಿಸ್ಸಾಂಡೇಯನ್ನ ಮತ್ತೆ ಸರಪಳಿಯಲ್ಲೇ ನಿಲ್ಲಿಸಿ ತಲೆ ಕಡೀತಾರೆ. ಆ ಹೊತ್ತಿಗೆ ಸರಣಿಯಲ್ಲಿ ಉಳಿದಿದ್ದ ಮುಖ್ಯ ಕಪ್ಪು ವರ್ಣೀಯ ಹೆಣ್ಣು ಪಾತ್ರ ಅದೊಂದೇ. ಉದ್ದೇಶ? ಡನೇರಿಸ್‌ಗೆ ಸಿಟ್ಟು ಬರಿಸೋದು.

ಇಲ್ಲಿ ದೂರು ‘ಹಿಂಸೆ ತೋರಿಸಬೇಡಿ’ ಅಂತಲ್ಲ. ಹಿಂಸೆ ಅನುಭವಿಸಿದವಳಿಗೆ ಆಮೇಲೆ ಕತೆಯಲ್ಲಿ ಜಾಗ ಎಷ್ಟು ಅನ್ನೋದು.

ದೂರು 4: ಮೂಲ ಪುಸ್ತಕ ಬದಲಾಯಿಸಿದ್ರು

ಇದು ಎಲ್ಲಕ್ಕಿಂತ ಹೆಚ್ಚು ಕೇಳಿಬರುವ ದೂರು, ಬಿಡಿಯಾಗಿ ನೋಡಿದರೆ ಎಲ್ಲಕ್ಕಿಂತ ದುರ್ಬಲವಾದದ್ದೂ ಹೌದು. ಬದಲಾವಣೆಯೇ ತಪ್ಪು ಅನ್ನೋದಾದರೆ ದ್ರೌಪದಿಯನ್ನ ಅರ್ಜುನನೊಬ್ಬನಿಗೇ ಮದುವೆ ಮಾಡಿಸಿದ ಪಂಪನನ್ನ ನಾವು ಓದೋ ಹಾಗೇ ಇಲ್ಲ. ಕೇಳಬೇಕಾದ್ದು, ಬದಲಾಯಿಸಿದ್ದರಿಂದ ಕತೆಗೆ ಬಂದದ್ದೇನು, ಹೋದದ್ದೇನು ಅಂತ.

‘ಹೌಸ್ ಆಫ್ ದಿ ಡ್ರ್ಯಾಗನ್’ ಎರಡನೇ ಸೀಸನ್ (2024) ಇದಕ್ಕೆ ಒಳ್ಳೆ ಉದಾಹರಣೆ. ‘ಫೈರ್ ಆ್ಯಂಡ್ ಬ್ಲಡ್’ ಪುಸ್ತಕದಲ್ಲಿ ರಾಣಿ ಹೆಲೇನಾಳಿಗೆ ಇಬ್ಬರು ಗಂಡುಮಕ್ಕಳು. ಯಾವ ಮಗ ಸಾಯಬೇಕು ಅಂತ ನೀನೇ ಹೇಳು ಅಂತ ಕೊಲೆಗಾರರು ಪೀಡಿಸ್ತಾರೆ. ಅವಳು ಚಿಕ್ಕವನಾದ ಮೇಲರ್ ಹೆಸರು ಹೇಳ್ತಾಳೆ, ಅವರು ದೊಡ್ಡವನನ್ನ ಕೊಲ್ತಾರೆ. ಸರಣಿಯಲ್ಲಿ ಮೇಲರ್ ಹುಟ್ಟೇ ಇಲ್ಲ. ಅವಳಿ ಮಕ್ಕಳಲ್ಲಿ ಗಂಡು ಯಾವುದು ಅಂತ ಅವಳು ತೋರಿಸ್ತಾಳೆ, ಅಷ್ಟೇ. ತಾಯಿಯ ಆಯ್ಕೆಯ ಸಂಕಟ ಹೋಗಿ ಬರೀ ಭಯ ಉಳೀತು. ಇದನ್ನ ಆಕ್ಷೇಪಿಸಿದ್ದು ಅಭಿಮಾನಿಗಳಷ್ಟೇ ಅಲ್ಲ. 2024ರ ಸೆಪ್ಟೆಂಬರಿನಲ್ಲಿ ಮಾರ್ಟಿನ್ ಸ್ವತಃ ಬರೆದು, ಈ ಒಂದು ಪಾತ್ರ ತೆಗೆದದ್ದರಿಂದ ಮುಂದಿನ ಎಷ್ಟೋ ಘಟನೆಗಳ ಬುಡವೇ ಅಲ್ಲಾಡುತ್ತೆ ಅಂದ್ರು. ಆ ಬರಹವನ್ನ ಸ್ವಲ್ಪ ಹೊತ್ತಿನಲ್ಲೇ ತೆಗೆಯಲಾಯ್ತು.

‘ದಿ ವೀಲ್ ಆಫ್ ಟೈಮ್’ (2021) ಪೆರಿನ್ ಪಾತ್ರಕ್ಕೆ ಪುಸ್ತಕದಲ್ಲಿ ಇಲ್ಲದ ಹೆಂಡತಿಯನ್ನ ಕೊಟ್ಟು, ಮೊದಲ ಕಂತಿನಲ್ಲೇ ಅವನ ಕೈಯಿಂದ ಆಕಸ್ಮಿಕವಾಗಿ ಕೊಲ್ಲಿಸಿತು. ರಾಬರ್ಟ್ ಜೋರ್ಡನ್ ನಿಧನದ ನಂತರ ಆ ಪುಸ್ತಕಮಾಲೆ ಮುಗಿಸಿದ ಬ್ರ್ಯಾಂಡನ್ ಸ್ಯಾಂಡರ್ಸನ್ ಅವರಿಗೂ ಇದು ಒಪ್ಪಿಗೆ ಇರಲಿಲ್ಲ. ಒಬ್ಬ ಹೆಣ್ಣಿನ ಸಾವು ಗಂಡಿನ ಕೊರಗಿಗೆ ಸರಕು. ಮೂರನೇ ದೂರು ಇಲ್ಲಿ ನಾಲ್ಕನೆಯದರ ಜತೆ ಸೇರಿಕೊಂಡಿತು.

ಟೀಕೆ ದಾರಿ ತಪ್ಪೋದು ಎಲ್ಲಿ?

2022ರ ಸೆಪ್ಟೆಂಬರಿನಲ್ಲಿ ‘ದಿ ರಿಂಗ್ಸ್ ಆಫ್ ಪವರ್’ ಬಂದಾಗ, ಟೋಲ್ಕಿನ್ ಲೋಕದಲ್ಲಿ ಕಪ್ಪು ಮತ್ತು ಕಂದು ಬಣ್ಣದ ಕಲಾವಿದರು ಯಾಕೆ ಅಂತ ಒಂದು ಗುಂಪು ಕೂಗಾಡಿತು. ಎಲ್ಫ್ ಪಾತ್ರ ಮಾಡಿದ ಇಸ್ಮಾಯೆಲ್ ಕ್ರೂಜ್ ಕೊರ್ಡೋವಾ ಅವರಂಥವರ ಮೇಲೆ ಜನಾಂಗೀಯ ನಿಂದನೆ ನಡೀತು. ಕಲಾವಿದರ ಬಳಗವೇ ಖಂಡಿಸಿ ಹೇಳಿಕೆ ಕೊಡಬೇಕಾಯ್ತು. ಹಳೆಯ ‘ಲಾರ್ಡ್ ಆಫ್ ದಿ ರಿಂಗ್ಸ್’ ಸಿನಿಮಾಗಳ ಎಲೈಜಾ ವುಡ್ ಮತ್ತು ಸಂಗಡಿಗರು ಅವರ ಬೆಂಬಲಕ್ಕೆ ನಿಂತ್ರು. ಬೇಕಂತಲೇ ರೇಟಿಂಗ್ ಇಳಿಸೋರನ್ನ ತಡೆಯೋಕೆ ಅಮೆಜಾನ್ ವೀಕ್ಷಕರ ವಿಮರ್ಶೆಗಳನ್ನ 72 ಗಂಟೆ ತಡೆಹಿಡಿದು ಆಮೇಲೆ ಪ್ರಕಟಿಸಿತು.

ಈ ಗದ್ದಲದಲ್ಲಿ ಕೊಚ್ಚಿಹೋದದ್ದು ನಿಜವಾದ ವಿಮರ್ಶೆ. ಮೂರು ಸಾವಿರಕ್ಕೂ ಹೆಚ್ಚು ವರ್ಷಗಳ ಇತಿಹಾಸವನ್ನ ಒಂದೇ ತಲೆಮಾರಿಗೆ ಕುಗ್ಗಿಸಿದರೆ ಸಾವಿಲ್ಲದ ಎಲ್ಫ್‌ಗಳಿಗೂ ಸಾಯುವ ಮನುಷ್ಯರಿಗೂ ಇರುವ ವ್ಯತ್ಯಾಸವೇ ಮಸುಕಾಗಲ್ಲವಾ? ಸೌರಾನ್ ಯಾರು ಅನ್ನೋದನ್ನ ಒಗಟು ಮಾಡಿ ಇಡೀ ಸೀಸನ್ ಎಳೆದದ್ದು ಸರಿಯಾ? ಇಂಥ ಪ್ರಶ್ನೆ ಕೇಳಿದವರನ್ನೂ ಜನ ಅನುಮಾನದಿಂದ ನೋಡೋ ಹಾಗಾಯ್ತು. ದ್ವೇಷ ಕಾರುವವರು ಮೊದಲು ಕಲಾವಿದರನ್ನ ಗಾಯಗೊಳಿಸ್ತಾರೆ, ಆಮೇಲೆ ಕಂಪನಿಗಳಿಗೆ ಎಲ್ಲ ಟೀಕೆಯಿಂದಲೂ ತಪ್ಪಿಸಿಕೊಳ್ಳೋ ನೆಪ ಒದಗಿಸ್ತಾರೆ.

ಮರುಚಿತ್ರೀಕರಣದ ಅರ್ಜಿಯದ್ದು ಬೇರೆ ಸಮಸ್ಯೆ. ಅದು ದುಡಿದವರಿಗೆ ಮಾಡುವ ಅಗೌರವ ಅಂತ ಸಾನ್ಸಾ ಪಾತ್ರಧಾರಿ ಸೋಫಿ ಟರ್ನರ್ ಹೇಳಿದ್ರು. ಒಂದು ಯುದ್ಧದ ಕಂತಿಗಾಗಿ 55 ರಾತ್ರಿ ಚಳಿಯಲ್ಲಿ ಚಿತ್ರೀಕರಿಸಿದ ತಂಡ ಅದು. ಅವರ ಬೇಸರ ಅರ್ಥವಾಗುವಂಥದ್ದೇ. ಆದರೆ ಶ್ರಮಕ್ಕೆ ಗೌರವ ಬೇರೆ, ಬರವಣಿಗೆಯ ವಿಮರ್ಶೆ ಬೇರೆ. ಚಳಿಯಲ್ಲಿ ನಿಂತವರು ಕತೆ ಬರೆದವರಲ್ಲ.

ಹಾಗಾದರೆ ಇದರಿಂದ ಆದದ್ದೇನು?

ಎಂಟನೇ ಸೀಸನ್ ಮತ್ತೆ ಬರಲಿಲ್ಲ, ಬರೋದೂ ಇಲ್ಲ. ಬ್ರ್ಯಾನ್ ರಾಜನಾಗೋದು ಮಾರ್ಟಿನ್ ಅವರದ್ದೇ ಕಲ್ಪನೆ ಅಂತ ಆ ಪಾತ್ರ ಮಾಡಿದ ಐಸಾಕ್ ಹೆಂಪ್‌ಸ್ಟೆಡ್ ರೈಟ್ ಹೇಳಿದ್ದಾರೆ. ಅಂದರೆ ಪುಸ್ತಕ ಮುಗಿದರೂ ಜನ ಬೈದ ಎಷ್ಟೋ ತಿರುವುಗಳು ಅಲ್ಲೂ ಇರಬಹುದು. ಅದೇ ಮುಕ್ತಾಯವನ್ನ ಪುಸ್ತಕದಲ್ಲಿ ಓದಿ ಜನ ತಲೆದೂಗಲೂಬಹುದು, ಅಲ್ಲಿಗೆ ಹೋಗುವ ದಾರಿ ಚೆನ್ನಾಗಿದ್ದರೆ.

ಮುಂದಿನ ಸಲ ಯಾವುದಾದರೂ ಸರಣಿ ಬಗ್ಗೆ ಜಗಳ ಎದ್ದಾಗ ನೀವು ನೋಡಬೇಕಾದ್ದು ಇಷ್ಟು: ದೂರು ಬರವಣಿಗೆ ಮೇಲಾ, ಕಲಾವಿದರ ಮೈಬಣ್ಣದ ಮೇಲಾ? ನಾನು ಅಂದುಕೊಂಡ ಹಾಗೆ ಆಗಲಿಲ್ಲ ಅನ್ನೋದಾ, ಕತೆಯೇ ಹಾಕಿಕೊಂಡ ನಿಯಮ ಮುರಿಯಿತು ಅನ್ನೋದಾ? ಎರಡನೇ ಥರದ್ದಾದರೆ ಕೇಳಿಸಿಕೊಳ್ಳಿ. ಎಂಟು ವರ್ಷ ಒಂದು ಕತೆಯ ಹಿಂದೆ ಹೋದ ನೋಡುಗರು ಅದರ ಎಳೆ ಎಲ್ಲಿ ಹರೀತು ಅನ್ನೋದನ್ನ ಕೆಲವೊಮ್ಮೆ ಬರೆದವರಿಗಿಂತ ಚೆನ್ನಾಗಿ ಬಲ್ಲರು.