ಮಾಜಿವಾಡಾ ನಿವಾಸಿಗಳಿಗೆ ನಾಯಕತ್ವದ ತರಬೇತಿ: ಸೊಸೈಟಿಯ ಸಭೆಯಿಂದ ಪ್ರಭಾಗ ಸಮಿತಿಯವರೆಗೆ

ಹೊರನಾಡಿನಲ್ಲಿ ನೆಲೆನಿಂತ ಕನ್ನಡಿಗರು ಸಂಘಟನೆಗೆ ಹೆಸರಾದವರು. ಮುಂಬಯಿಯಲ್ಲಿ 1902ರಲ್ಲಿ ಮೊಗವೀರ ವ್ಯವಸ್ಥಾಪಕ ಮಂಡಳಿ, 1926ರಲ್ಲಿ ಮೈಸೂರು ಅಸೋಸಿಯೇಶನ್, 1927ರಲ್ಲಿ ಬಂಟರ ಸಂಘ, 1932ರಲ್ಲಿ ಬಿಲ್ಲವರ ಅಸೋಸಿಯೇಶನ್, 1933ರಲ್ಲಿ ಕರ್ನಾಟಕ ಸಂಘ ಜನ್ಮ ತಾಳಿದವು. ಹಗಲಿಡೀ ಹೋಟೆಲುಗಳಲ್ಲಿ ದುಡಿದ ಹುಡುಗರು ಕನ್ನಡ ರಾತ್ರಿಶಾಲೆಗಳಲ್ಲಿ ಕಲಿತು, ಮುಂದೆ ಇಂತಹ ಸಂಸ್ಥೆಗಳ ಪದಾಧಿಕಾರಿಗಳಾಗಿ ಲೆಕ್ಕಪತ್ರ, ಸಭಾನಿರ್ವಹಣೆ, ನಿಧಿಸಂಗ್ರಹಗಳನ್ನು ನಿಭಾಯಿಸಿದ್ದು ನಮ್ಮ ಹೆಮ್ಮೆಯ ಇತಿಹಾಸ. ಬಿಲ್ಲವರ ಅಸೋಸಿಯೇಶನ್ನಿನ ಪ್ರೇರಣೆಯಿಂದ 1978ರಲ್ಲಿ ಆರಂಭವಾದ ಭಾರತ್ ಕೋ-ಆಪರೇಟಿವ್ ಬ್ಯಾಂಕ್ ಅದೇ ಅನುಭವದ ಫಲ.

ಆದರೂ ಒಂದು ಕೊರತೆ ಕಾಣುತ್ತದೆ. ಸಂಘದ ವಾರ್ಷಿಕೋತ್ಸವವನ್ನು ಸಮರ್ಥವಾಗಿ ನಡೆಸುವ ನಮ್ಮವರು, ತಾವು ವಾಸಿಸುವ ಕಟ್ಟಡದ ಮಹಾಸಭೆಯಲ್ಲಿ ಹಿಂದಿನ ಸಾಲಿನಲ್ಲಿ ಕುಳಿತು, ಹಾಜರಿ ಪುಸ್ತಕಕ್ಕೆ ಸಹಿ ಹಾಕಿ ಮರಳುವುದುಂಟು. ಮನೆಯ ಮುಂದಿನ ರಸ್ತೆ, ನೀರು, ಕಸದ ವಿಷಯ ಬಂದಾಗ ‘ಅದು ನಮ್ಮ ಕೆಲಸವಲ್ಲ’ ಎಂಬ ಭಾವನೆ ಮೂಡುತ್ತದೆ. ಸ್ಥಳೀಯ ನಿವಾಸಿಗಳಿಗೆ ನಾಯಕತ್ವದ ತರಬೇತಿಯ ಅಗತ್ಯ ಇರುವುದು ಈ ಅಂತರದಲ್ಲಿ. ಠಾಣೆಯ ಮಾಜಿವಾಡಾ ಪರಿಸರವನ್ನು ದೃಷ್ಟಿಯಲ್ಲಿಟ್ಟು, ಇಂತಹ ತರಬೇತಿ ಯಾವ ಮೆಟ್ಟಿಲುಗಳನ್ನು ಒಳಗೊಳ್ಳಬೇಕು, ಅದಕ್ಕೆ ಕಾನೂನಿನ ಆಧಾರವೇನು ಎಂಬುದನ್ನು ಈ ಲೇಖನದಲ್ಲಿ ಸಂಗ್ರಹಿಸಲಾಗಿದೆ.

ಪರಿಸರ

ಮುಂಬಯಿ–ನಾಸಿಕ್ ಹೆದ್ದಾರಿಯೂ ಘೋಡ್‌ಬಂದರ್ ರಸ್ತೆಯೂ ಸಂಧಿಸುವ ಕಡೆ ಮಾಜಿವಾಡಾ ಇದೆ. ಹಳೆಯ ಗಾಂವಠಾಣದ ಓಣಿಗಳ ಪಕ್ಕದಲ್ಲೇ ಬಹುಮಹಡಿ ಸಂಕೀರ್ಣಗಳು ಎದ್ದು ನಿಂತಿವೆ. ಠಾಣೆ ಮಹಾನಗರ ಪಾಲಿಕೆ ಅಸ್ತಿತ್ವಕ್ಕೆ ಬಂದದ್ದು 1982ರ ಅಕ್ಟೋಬರ್ 1ರಂದು. ಅದರ ಆಡಳಿತ ವಿಭಾಗಗಳಲ್ಲಿ ಮಾಜಿವಾಡಾ–ಮಾನಪಾಡಾ ಪ್ರಭಾಗ ಸಮಿತಿ ಒಂದು. 2008ರ ಕ್ಷೇತ್ರ ಪುನರ್ವಿಂಗಡಣೆಯ ನಂತರ ಓವಳಾ–ಮಾಜಿವಾಡಾ ಎಂಬ ವಿಧಾನಸಭಾ ಕ್ಷೇತ್ರವೂ ರೂಪುಗೊಂಡಿತು. ವಡಾಲಾ–ಕಾಸರವಡವಲಿ ಮೆಟ್ರೊ ಮಾರ್ಗ ಈ ಪರಿಸರದ ಮೂಲಕವೇ ಹಾಯುತ್ತದೆ. ಇಷ್ಟು ವೇಗವಾಗಿ ಬೆಳೆದ ಪ್ರದೇಶದಲ್ಲಿ ನೀರಿನ ಒತ್ತಡ, ವಾಹನದಟ್ಟಣೆ, ಕಾಮಗಾರಿಯ ಧೂಳು ಇವೆಲ್ಲ ದಿನನಿತ್ಯದ ಪ್ರಶ್ನೆಗಳು. ಇವುಗಳನ್ನು ಕೇಳಬೇಕಾದವರು ಇಲ್ಲಿಯ ನಿವಾಸಿಗಳೇ.

ಮೊದಲ ಮೆಟ್ಟಿಲು: ಗೃಹ ಸೊಸೈಟಿ

ನಾಯಕತ್ವದ ಅತ್ಯಂತ ಸಮೀಪದ ಪಾಠಶಾಲೆ ನಮ್ಮ ಕಟ್ಟಡದ ಸಹಕಾರಿ ಗೃಹ ಸೊಸೈಟಿ. ಇದು 1960ರ ಮಹಾರಾಷ್ಟ್ರ ಸಹಕಾರಿ ಸಂಘಗಳ ಕಾಯ್ದೆಗೆ ಒಳಪಟ್ಟಿದೆ. 2019ರ ತಿದ್ದುಪಡಿಯಿಂದ ಗೃಹ ಸೊಸೈಟಿಗಳಿಗಾಗಿ ಪ್ರತ್ಯೇಕ ಅಧ್ಯಾಯವೇ ಸೇರಿತು. ಮಾದರಿ ಉಪವಿಧಿಗಳ ಪ್ರಕಾರ ವಾರ್ಷಿಕ ಮಹಾಸಭೆ ಸೆಪ್ಟೆಂಬರ್ 30ರೊಳಗೆ ನಡೆಯಬೇಕು, ಅದಕ್ಕೆ 14 ದಿನಗಳ ಮುನ್ಸೂಚನೆ ಇರಬೇಕು. ಸದಸ್ಯರ ಮೂರನೆಯ ಎರಡು ಭಾಗ ಅಥವಾ 20 ಮಂದಿ, ಇವೆರಡರಲ್ಲಿ ಯಾವುದು ಕಡಿಮೆಯೋ ಅಷ್ಟು ಮಂದಿ ಸೇರಿದರೆ ಕೋರಂ ಆಗುತ್ತದೆ. ಅಂದರೆ ನೂರು ಮನೆಗಳ ಭವಿಷ್ಯವನ್ನು ಇಪ್ಪತ್ತು ಜನ ನಿರ್ಧರಿಸಬಹುದು. ಆ ಇಪ್ಪತ್ತರಲ್ಲಿ ನಾವು ಇರಬೇಕೇ ಬೇಡವೇ ಎಂಬುದು ನಮ್ಮ ಆಯ್ಕೆ.

ಇದರ ಪರಿಣಾಮ ಸಣ್ಣದಲ್ಲ. ಕಟ್ಟಡ ನಿಂತ ಭೂಮಿಯ ಹಕ್ಕು ಬಿಲ್ಡರರಿಂದ ಸೊಸೈಟಿಯ ಹೆಸರಿಗೆ ವರ್ಗವಾಗದಿದ್ದರೆ ಪುನರ್ನಿರ್ಮಾಣದ ಹಂತದಲ್ಲಿ ತೊಡಕು ಎದುರಾಗುತ್ತದೆ. 1963ರ ಮೋಫಾ ಕಾಯ್ದೆಗೆ 2008ರಲ್ಲಿ ತಂದ ತಿದ್ದುಪಡಿಯಿಂದ, ಬಿಲ್ಡರರು ಸಹಕರಿಸದಿದ್ದರೂ ಜಿಲ್ಲಾ ಉಪನಿಬಂಧಕರ ಮುಂದೆ ಅರ್ಜಿ ಸಲ್ಲಿಸಿ ‘ಡೀಮ್ಡ್ ಕನ್ವೆಯನ್ಸ್’ ಪಡೆಯುವ ಮಾರ್ಗ ತೆರೆಯಿತು. ಅದೇ ರೀತಿ 15ರಿಂದ 30 ವರ್ಷದ ಕಟ್ಟಡಗಳಿಗೆ ಐದು ವರ್ಷಕ್ಕೊಮ್ಮೆ, 30 ವರ್ಷ ಮೀರಿದವುಗಳಿಗೆ ಮೂರು ವರ್ಷಕ್ಕೊಮ್ಮೆ ಸ್ಟ್ರಕ್ಚರಲ್ ಆಡಿಟ್ ಆಗಬೇಕೆಂದು ಮಾದರಿ ಉಪವಿಧಿ ಹೇಳುತ್ತದೆ. ಇಂತಹ ವಿಷಯಗಳನ್ನು ಸಭೆಯ ಕಾರ್ಯಸೂಚಿಗೆ ತರುವವರು ಇಲ್ಲದಿದ್ದರೆ ಜೀವಮಾನದ ಉಳಿತಾಯ ಹೂಡಿ ಕೊಂಡ ಮನೆಯೇ ಅಪಾಯಕ್ಕೆ ಒಳಗಾಗುತ್ತದೆ.

ಈ ತರಬೇತಿಗೆ ಕಾನೂನಿನಲ್ಲಿಯೇ ಸ್ಥಾನವಿದೆ ಎಂಬುದು ಗಮನಾರ್ಹ. 2013ರಲ್ಲಿ ಸಹಕಾರಿ ಕಾಯ್ದೆಗೆ ಸೇರಿದ 24ಎ ಕಲಮು, ಸದಸ್ಯರಿಗೂ ಆಡಳಿತ ಸಮಿತಿಯವರಿಗೂ ಸಹಕಾರಿ ಶಿಕ್ಷಣ ಮತ್ತು ತರಬೇತಿ ದೊರೆಯಬೇಕೆಂಬ ತತ್ತ್ವವನ್ನು ಮುಂದಿಟ್ಟಿತು. ಗೃಹ ಸೊಸೈಟಿಗಳ ಮಾದರಿ ಉಪವಿಧಿಗಳಲ್ಲಿಯೂ ಶಿಕ್ಷಣ–ತರಬೇತಿ ನಿಧಿಗೆ ಅವಕಾಶವಿದೆ. ನಮ್ಮ ಸೊಸೈಟಿಯಲ್ಲಿ ಆ ನಿಧಿ ಹೇಗೆ ಬಳಕೆಯಾಗುತ್ತಿದೆ ಎಂದು ವಿಚಾರಿಸುವುದರಿಂದಲೇ ತರಬೇತಿ ಆರಂಭವಾಗಬಹುದು.

ಎರಡನೆಯ ಮೆಟ್ಟಿಲು: ಬೀದಿ ಮತ್ತು ಬಡಾವಣೆ

ಒಂದು ಕಟ್ಟಡದಿಂದ ಬಗೆಹರಿಯದ ಸಮಸ್ಯೆಗಳಿಗೆ ನೆರೆಹೊರೆಯ ಕೂಟ ಬೇಕು. ಇದಕ್ಕೆ ಮಾದರಿ ಹತ್ತಿರದಲ್ಲೇ ಇದೆ. 1990ರ ದಶಕದ ಉತ್ತರಾರ್ಧದಲ್ಲಿ ಘಾಟ್‌ಕೋಪರ್‌ನ ಜೋಶಿ ಲೇನ್ ನಿವಾಸಿಗಳು ಕಸವನ್ನು ಬೇರ್ಪಡಿಸಿ ಬೀದಿಯನ್ನು ಸ್ವಚ್ಛಗೊಳಿಸಿದ ಪ್ರಯತ್ನವು ಮುಂಬಯಿ ಪಾಲಿಕೆಯ ‘ಎಎಲ್‌ಎಂ’ ಯೋಜನೆಗೆ ನಾಂದಿಯಾಯಿತು. ದೊಡ್ಡ ಭಾಷಣಗಳಿಲ್ಲದೆ, ಒಂದು ಓಣಿಯ ಗೃಹಿಣಿಯರೂ ನಿವೃತ್ತರೂ ಸೇರಿ ಒಂದೇ ವಿಷಯವನ್ನು ಹಿಡಿದು ಮುಗಿಸುವುದು ಎಂತಹ ತರಬೇತಿ ಎಂಬುದಕ್ಕೆ ಇದು ಸಾಕ್ಷಿ.

ಮಾಹಿತಿ ಪಡೆಯಲು 2005ರ ಮಾಹಿತಿ ಹಕ್ಕು ಕಾಯ್ದೆಯೂ, ನಿಗದಿತ ಅವಧಿಯಲ್ಲಿ ಸರಕಾರಿ ಸೇವೆ ಪಡೆಯಲು 2015ರ ಮಹಾರಾಷ್ಟ್ರ ಲೋಕಸೇವಾ ಹಕ್ಕು ಕಾಯ್ದೆಯೂ ನಾಗರಿಕರ ಕೈಯಲ್ಲಿವೆ. ಒಂದು ಅರ್ಜಿಯನ್ನು ಸ್ಪಷ್ಟವಾಗಿ ಬರೆದು, ಸ್ವೀಕೃತಿ ಪಡೆದು, ಉತ್ತರ ಬರುವವರೆಗೆ ಬೆನ್ನು ಬಿಡದಿರುವುದು ಕಲಿಯಬೇಕಾದ ವಿದ್ಯೆ.

ಮೂರನೆಯ ಮೆಟ್ಟಿಲು: ಪ್ರಭಾಗ ಸಮಿತಿ

1993ರ ಜೂನ್ 1ರಂದು ಜಾರಿಗೆ ಬಂದ ಸಂವಿಧಾನದ 74ನೇ ತಿದ್ದುಪಡಿಯು ಮೂರು ಲಕ್ಷ ಅಥವಾ ಅದಕ್ಕೂ ಹೆಚ್ಚು ಜನಸಂಖ್ಯೆಯ ನಗರಗಳಲ್ಲಿ ವಾರ್ಡ್ ಸಮಿತಿಗಳನ್ನು ಕಡ್ಡಾಯಗೊಳಿಸಿತು. ಮಹಾರಾಷ್ಟ್ರ ಮಹಾನಗರ ಪಾಲಿಕೆಗಳ ಕಾಯ್ದೆಯ 29ಎ ಕಲಮಿನ ಪ್ರಕಾರ ಇಂತಹ ಸಮಿತಿಯಲ್ಲಿ ನಗರಸೇವಕರಲ್ಲದೆ, ಆ ಭಾಗದಲ್ಲಿ ಸಮಾಜಕಲ್ಯಾಣ ಕಾರ್ಯದಲ್ಲಿ ತೊಡಗಿರುವ ಮಾನ್ಯತೆ ಪಡೆದ ಸ್ವಯಂಸೇವಾ ಸಂಸ್ಥೆಗಳ ಸದಸ್ಯರನ್ನು, ಮೂವರನ್ನು ಮೀರದಂತೆ, ನಾಮಕರಣ ಮಾಡಬಹುದು. ಅವರು ಆ ಭಾಗದ ಮತದಾರರಾಗಿರಬೇಕು. ವೈದ್ಯಕೀಯ ಶಿಬಿರ, ವಿದ್ಯಾರ್ಥಿವೇತನ, ರಕ್ತದಾನಗಳನ್ನು ವರ್ಷವರ್ಷ ನಡೆಸುವ ನಮ್ಮ ಸಂಘಗಳು ಈ ಅವಕಾಶದ ಬಗ್ಗೆ ಯೋಚಿಸಿದ್ದು ವಿರಳ. ಮತದಾರರ ಪಟ್ಟಿಯಲ್ಲಿ ಹೆಸರನ್ನು ಊರಿನಲ್ಲಿ ಉಳಿಸಿಕೊಂಡವರಿಗೆ ಈ ಬಾಗಿಲು ತೆರೆಯದು ಎಂಬುದನ್ನೂ ಇಲ್ಲಿ ನೆನಪಿಡಬೇಕು.

2009ರಲ್ಲಿ ಕಾಯ್ದೆಗೆ ಸೇರಿದ ‘ಕ್ಷೇತ್ರಸಭೆ’ಯ ಕಲ್ಪನೆಯಂತೆ ಒಂದು ಭಾಗದ ಮತದಾರರೆಲ್ಲ ಕೂಡಿ ತಮ್ಮ ಆದ್ಯತೆಗಳನ್ನು ಹೇಳಬಹುದಾಗಿತ್ತು. ಅದು ಬಹುಮಟ್ಟಿಗೆ ಕಾಗದದಲ್ಲೇ ಉಳಿಯಿತು. ಇದಲ್ಲದೆ ಠಾಣೆ ಪಾಲಿಕೆಯ ಅವಧಿ 2022ರ ಮಾರ್ಚ್‌ನಲ್ಲಿ ಮುಗಿದ ಬಳಿಕ, 2026ರ ಜನವರಿಯ ಚುನಾವಣೆಯವರೆಗೆ ನಗರಸೇವಕರೇ ಇಲ್ಲದೆ ಆಡಳಿತಾಧಿಕಾರಿಯ ಕೈಯಲ್ಲಿ ಕಾರಭಾರ ನಡೆಯಿತು. ಜನಪ್ರತಿನಿಧಿ ಇಲ್ಲದ ಇಂತಹ ಕಾಲದಲ್ಲಿ ಸಂಘಟಿತ ನಿವಾಸಿಗಳ ದನಿಗೆ ಇನ್ನಷ್ಟು ಬೆಲೆ ಬರುತ್ತದೆ. 2011ರಿಂದ ಸ್ಥಳೀಯ ಸಂಸ್ಥೆಗಳಲ್ಲಿ ಮಹಿಳೆಯರಿಗೆ ಶೇಕಡ 50 ಮೀಸಲಾತಿ ಇರುವುದರಿಂದ, ನಮ್ಮ ಸಂಘಗಳ ಮಹಿಳಾ ವಿಭಾಗಗಳು ಈ ತರಬೇತಿಯಲ್ಲಿ ಮುಂದಿನ ಸಾಲಿನಲ್ಲಿರಬೇಕು.

ಕಲಿಸುವ ಸಂಸ್ಥೆಗಳು

ಸ್ಥಳೀಯ ಆಡಳಿತವನ್ನು ಕಲಿಸುವ ಅಖಿಲ ಭಾರತ ಸ್ಥಳೀಯ ಸ್ವರಾಜ್ಯ ಸಂಸ್ಥೆ 1926ರಲ್ಲಿ ಮುಂಬಯಿಯಲ್ಲಿ ಸ್ಥಾಪನೆಯಾಯಿತು. ಭಾಯಂದರ್ ಸಮೀಪದ ಉತ್ತನ್‌ನಲ್ಲಿ ಕೇಂದ್ರ ಹೊಂದಿರುವ ರಾಂಭಾವು ಮ್ಹಾಳಗಿ ಪ್ರಬೋಧಿನಿ 1982ರಿಂದ ಜನಪ್ರತಿನಿಧಿಗಳಿಗೂ ಕಾರ್ಯಕರ್ತರಿಗೂ ತರಬೇತಿ ನೀಡುತ್ತ ಬಂದಿದೆ. ಅದು ಸಂಘ ಪರಿವಾರದ ವಿಚಾರಧಾರೆಗೆ ಸಮೀಪವಾದ ಸಂಸ್ಥೆ. ಕರ್ನಾಟಕದಲ್ಲಿ ಬೆಂಗಳೂರಿನ ಬಿ.ಪ್ಯಾಕ್ 2013ರಲ್ಲಿ ಸ್ಥಾಪನೆಯಾಗಿ, ಸಾಮಾನ್ಯ ನಾಗರಿಕರನ್ನು ವಾರ್ಡ್ ಮಟ್ಟದ ನಾಯಕರನ್ನಾಗಿ ರೂಪಿಸುವ ‘ಬಿ.ಕ್ಲಿಪ್’ ತರಬೇತಿಯನ್ನು ನಡೆಸಿತು. 2001ರಲ್ಲಿ ಆರಂಭವಾದ ಜನಾಗ್ರಹವೂ ನಾಗರಿಕರ ಸಹಭಾಗಿತ್ವದ ದಿಕ್ಕಿನಲ್ಲಿ ಶ್ರಮಿಸಿದೆ.

ನಮ್ಮಲ್ಲಿ ಹೇಗೆ ಆರಂಭಿಸಬಹುದು

ಮಾಜಿವಾಡಾದಂತಹ ಪರಿಸರದಲ್ಲಿ ಸಂಘದ ಸಭಾಗೃಹವೇ ತರಗತಿಯಾಗಲು ಸಾಕು. ತಿಂಗಳಿಗೆ ಒಂದು ಭಾನುವಾರದಂತೆ ಆರು ಪಾಠಗಳನ್ನು ಯೋಜಿಸಬಹುದು: ಸಭೆಯ ಕಾರ್ಯಸೂಚಿ ಮತ್ತು ನಡಾವಳಿ ಬರೆಯುವುದು, ಜಮಾಖರ್ಚಿನ ಪಟ್ಟಿ ಓದುವುದು, ಸೊಸೈಟಿಯ ಉಪವಿಧಿಗಳು, ಪಾಲಿಕೆಯ ಅಂದಾಜುಪತ್ರ, ಮರಾಠಿಯಲ್ಲಿ ಅರ್ಜಿ ಬರೆಯುವುದು, ಭಿನ್ನಾಭಿಪ್ರಾಯಗಳ ನಡುವೆ ಸಭೆಯನ್ನು ಕೊನೆ ಮುಟ್ಟಿಸುವುದು. ಪ್ರತಿಯೊಬ್ಬ ಶಿಬಿರಾರ್ಥಿಯೂ ತನ್ನ ಕಟ್ಟಡದ ಅಥವಾ ಬೀದಿಯ ಒಂದು ಸಮಸ್ಯೆಯನ್ನು ಕೈಗೆತ್ತಿಕೊಂಡು ಆರು ತಿಂಗಳಲ್ಲಿ ಏನಾಯಿತೆಂದು ವರದಿ ಮಾಡಬೇಕು. ಹಾಗೆ ಮಾಡದಿದ್ದರೆ ತರಬೇತಿ ಪ್ರಮಾಣಪತ್ರ ಹಂಚುವ ಸಮಾರಂಭವಾಗಿ ಮುಗಿದುಹೋಗುತ್ತದೆ.

ಮರಾಠಿಯ ಪಾಠ ಇದರಲ್ಲಿ ಮುಖ್ಯವಾದದ್ದು. ಇಲ್ಲಿಯ ಆಡಳಿತದ ಭಾಷೆ ಮರಾಠಿ. ಅದನ್ನು ಆಡುವವರು ನಮ್ಮಲ್ಲಿ ಬಹಳ ಮಂದಿ. ಬರೆಯುವ ಧೈರ್ಯ ಉಳ್ಳವರು ಕಡಿಮೆ. ಕನ್ನಡವನ್ನು ಮನೆಯಲ್ಲಿ ಉಳಿಸಿಕೊಂಡು ಮರಾಠಿಯಲ್ಲಿ ನೆರೆಹೊರೆಯೊಂದಿಗೆ ನಿಲ್ಲುವವರೇ ಎರಡೂ ಸಮಾಜಗಳಿಗೆ ಸೇತುವೆಯಾಗುತ್ತಾರೆ.

ಇದಕ್ಕೆ ಪೂರ್ವನಿದರ್ಶನವೂ ಇದೆ. 1930ರಲ್ಲಿ ಮಂಗಳೂರಿನಲ್ಲಿ ಜನಿಸಿದ ಜಾರ್ಜ್ ಫರ್ನಾಂಡಿಸ್ ತರುಣನಾಗಿ ಮುಂಬಯಿಗೆ ಬಂದು, ಕಾರ್ಮಿಕರ ನಡುವೆ ದುಡಿದು, 1961ರಲ್ಲಿ ಮುಂಬಯಿ ಪಾಲಿಕೆಗೆ ಆಯ್ಕೆಯಾದರು, 1967ರಲ್ಲಿ ಎಸ್. ಕೆ. ಪಾಟೀಲರನ್ನು ಸೋಲಿಸಿ ಲೋಕಸಭೆ ಪ್ರವೇಶಿಸಿದರು. ಅವರ ರಾಜಕೀಯವನ್ನು ಒಪ್ಪುವುದು ಬಿಡುವುದು ಬೇರೆ ಮಾತು. ಲೋಕಸಭೆಗೆ ಮುನ್ನ ಅವರು ಹತ್ತಿದ ಮೆಟ್ಟಿಲು ನಗರದ ಪಾಲಿಕೆ ಎಂಬುದು ಇಲ್ಲಿ ಮುಖ್ಯ.

ಎಲ್ಲರೂ ಚುನಾವಣೆಗೆ ನಿಲ್ಲಬೇಕಾಗಿಲ್ಲ. ಮುಂದಿನ ಮಹಾಸಭೆಯ ನೋಟಿಸು ಬಾಗಿಲಿಗೆ ಬಂದಾಗ ಅದನ್ನು ಪೂರ್ತಿಯಾಗಿ ಓದಿ, ಲೆಕ್ಕಪತ್ರದ ಮೇಲೆ ಒಂದು ಪ್ರಶ್ನೆಯನ್ನಾದರೂ ಸಿದ್ಧಪಡಿಸಿಕೊಂಡು, ಮನೆಯ ಯುವಕ ಯುವತಿಯರಿಗೂ ಅದನ್ನು ವಿವರಿಸಿದರೆ ಮೊದಲ ಪಾಠ ಮುಗಿದಂತೆ.