ಎರೆಭೂಮಿಯ ಹತ್ತಿ, ಕೊಚ್ಚಿಯ ನಡುಗಡ್ಡೆ

ನವಲಗುಂದ, ಅಣ್ಣಿಗೇರಿ, ಕುಂದಗೋಳದ ಎರೆಭೂಮಿಯಲ್ಲಿ ಬೆಳೆದ ಜವಾರಿ ಹತ್ತಿಗೆ ಹಳೆಯ ಪೇಟೆ ವರದಿಗಳಲ್ಲಿ ಇರುವ ಹೆಸರು ‘ಕುಮಟಾ ಹತ್ತಿ’. ಕುಮಟೆಯ ಕೆಂಪು ಮಣ್ಣಿಗೂ ಸುರಿವ ಮಳೆಗೂ ಈ ಹತ್ತಿಗೂ ಆಗಿಬರದು. ಚಕ್ಕಡಿಯಲ್ಲೋ ಲಂಬಾಣಿಗರ ಹೇರೆತ್ತುಗಳ ಬೆನ್ನ ಮೇಲೋ ಘಟ್ಟ ಇಳಿದ ಮಾಲು ಅಲ್ಲಿ ಹಡಗು ಹತ್ತುತ್ತಿದ್ದುದರಿಂದ ಬಂದರಿನ ಹೆಸರೇ ಬೆಳೆಗೆ ಅಂಟಿಕೊಂಡಿತು. ನಮ್ಮೂರ ಬೆಳೆ ನಮ್ಮ ಹೆಸರು ಬಿಟ್ಟು ಯಾವ ದಾರಿಯಲ್ಲಿ ಕಡಲು ಸೇರುತ್ತಿತ್ತು, ಆ ದಾರಿ ಯಾಕೆ ಮುಚ್ಚಿತು ಎಂದು ಹುಡುಕಲು ಹೊರಟಾಗ ಮೊದಲು ಎದುರಿಗಿಟ್ಟುಕೊಂಡದ್ದು ಜೇಮ್ಸ್ ಕ್ಯಾಂಪ್‌ಬೆಲ್ ಸಂಪಾದಿಸಿದ ಮುಂಬಯಿ ಪ್ರಾಂತದ ಗೆಜೆಟಿಯರಿನ ಎರಡು ಸಂಪುಟ: 1883ರ ಕೆನರಾ, 1884ರ ಧಾರವಾಡ. ಆ ಹುಡುಕಾಟ ಕೊನೆಗೆ ನನ್ನನ್ನು ಕೊಚ್ಚಿಯ ಹಿನ್ನೀರಿನ ನಡುವೆ, ಮನುಷ್ಯರು ಕಟ್ಟಿದ ಒಂದು ನಡುಗಡ್ಡೆಯ ಮೇಲೆ ತಂದು ನಿಲ್ಲಿಸಿತು.

ಕುಮಟೆಗೆ ಒಳಬಂದರು ಇರಲಿಲ್ಲ. ಹಡಗುಗಳು ಬಯಲು ಕಡಲಿನಲ್ಲೇ ಲಂಗರು ಹಾಕಬೇಕು, ದೋಣಿಗಳು ಅಂಡಿಗೆಗಳನ್ನು ಅಲ್ಲಿಗೆ ಒಯ್ಯಬೇಕು. ಮಳೆಗಾಲ ಬಂದರೆ ಎಲ್ಲವೂ ಬಂದ್. ಉತ್ತರಕ್ಕಿರುವ ಕಾರವಾರಕ್ಕೆ ನಿಸರ್ಗ ಕೈತುಂಬ ಕೊಟ್ಟಿತ್ತು. ಗುಡ್ಡದ ಮರೆಯಲ್ಲಿ ಬೈತಖೋಲ, ಎದುರಿಗೆ ಅಲೆ ತಡೆಯುವ ಕೂರ್ಮಗಡ, ದೇವಗಡ, ಅಂಜುದೀವ. 1861ರಲ್ಲಿ ಅಮೆರಿಕದ ಅಂತರ್ಯುದ್ಧ ಶುರುವಾಗಿ ಮ್ಯಾಂಚೆಸ್ಟರಿನ ಗಿರಣಿಗಳಿಗೆ ಹತ್ತಿ ಸಿಗದಾದಾಗ ಎಲ್ಲರ ಕಣ್ಣೂ ಈ ಕೊಲ್ಲಿಯ ಮೇಲೆ ಬಿತ್ತು. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸಿನಿಂದ ತೆಗೆದು ಮುಂಬಯಿ ಪ್ರಾಂತಕ್ಕೆ ಸೇರಿಸಿದರು. ಧಾರವಾಡದ ಹತ್ತಿಯೂ ಅದು ಇಳಿಯಬೇಕಾದ ದಂಡೆಯೂ ಒಂದೇ ಸರಕಾರದ ಕೈಗೆ ಬಂದವು. ಮ್ಯಾಂಚೆಸ್ಟರ್ ಕಾಟನ್ ಕಂಪನಿ ಹತ್ತಿ ಒತ್ತುವ ಯಂತ್ರಗಳನ್ನು ಕಾರವಾರದ ಪಕ್ಕದ ಸದಾಶಿವಗಡಕ್ಕೆ ಹಡಗಿನಲ್ಲಿ ಕಳಿಸಿತು. ಯಂತ್ರ ಬಂದಿತು, ಘಟ್ಟದ ರಸ್ತೆ ಮಾತ್ರ ಮುಗಿದಿರಲಿಲ್ಲ. ಯುದ್ಧ ಮುಗಿಯುವ ಹೊತ್ತಿಗೆ ಕಂಪನಿಯೂ ಬಾಗಿಲು ಹಾಕಿತ್ತು.

ಕಾರವಾರಕ್ಕೆ ನಿಜವಾದ ಪೆಟ್ಟು ಬಿದ್ದದ್ದು ರೈಲಿನಿಂದ. 1878ರ ಡಿಸೆಂಬರಿನಲ್ಲಿ ಬ್ರಿಟಿಷರಿಗೂ ಪೋರ್ತುಗೀಸರಿಗೂ ಆದ ಒಪ್ಪಂದ ಗೋವೆಯ ಮಾರ್ಮಗೋವಾ ಬಂದರಿಗೆ ರೈಲು ಹಾಕುವ ದಾರಿ ತೆರೆಯಿತು. 1882ರಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿ ಹುಟ್ಟಿತು. ಆ ದಶಕ ಮುಗಿಯುವಷ್ಟರಲ್ಲಿ ಗದಗ, ಅಣ್ಣಿಗೇರಿ, ಹುಬ್ಬಳ್ಳಿಯ ಹತ್ತಿ ಲೋಂಡಾ, ಕ್ಯಾಸಲ್‌ರಾಕ್ ದಾಟಿ ಪರಕೀಯರ ಬಂದರಿಗೆ ಇಳಿಯತೊಡಗಿತ್ತು. ಕುಮಟೆಯ ವ್ಯಾಪಾರ ಬತ್ತಿತು, ಕಾರವಾರ ಕಾದು ಕುಳಿತಿತು. ಈ ಭಾಗವನ್ನು ಓದುವಾಗ ನನಗೆ ಸಂಕಟವಾಗುತ್ತದೆ. ಬಂದರಿಗೆ ಬೇಕಾದ ನೀರು, ಮರೆ, ಮಾಲು ಮೂರೂ ಇದ್ದವು. ಸುಮಾರು ನೂರು ಮೈಲಿಯ ಹಳಿಯೊಂದೇ ಇರಲಿಲ್ಲ.

ಹಾಗಾದರೆ ಇದೇ ದಂಡೆಯ ಬೇರೆ ಬಂದರುಗಳಿಗೆ ಏನಾಯಿತು ಎಂದು ನೋಡುತ್ತ ಹೋದಾಗ ಒಂದು ಪರಿಚಿತ ಹೆಸರು ಸಿಕ್ಕಿತು: ಲಾರ್ಡ್ ವಿಲಿಂಗ್ಡನ್. ಇವರು 1913ರಿಂದ 1918ರವರೆಗೆ ಮುಂಬಯಿ ಗವರ್ನರ್, ಅಂದರೆ ಧಾರವಾಡ, ಕಾರವಾರ ಎರಡೂ ಅವರ ಆಡಳಿತದಲ್ಲೇ ಇದ್ದವು. 1919ರಿಂದ 1924ರವರೆಗೆ ಮದ್ರಾಸಿನ ಗವರ್ನರ್. ಬ್ರಿಟಿಷ್ ಕೊಚ್ಚಿ ಆಗ ಮದ್ರಾಸಿಗೆ ಸೇರಿತ್ತು. ಕಾರವಾರ ಇದ್ದಂತೆಯೇ ಉಳಿಯಿತು, ಕೊಚ್ಚಿಯಲ್ಲಿ ಅವರ ಹೆಸರಿನ ನೆಲವೇ ಎದ್ದಿತು. ಗವರ್ನರ್ ಒಬ್ಬರೇ ಆಗಿದ್ದರೂ ಫಲ ಇಷ್ಟು ಬೇರೆಯಾದದ್ದು ಹೇಗೆ? ಇದಕ್ಕೆ ಉತ್ತರ ಹುಡುಕದೆ ಮುಂದೆ ಹೋಗಲು ನನಗೆ ಮನಸ್ಸಾಗಲಿಲ್ಲ.

ಕೊಚ್ಚಿಯ ಹಿನ್ನೀರು ವಿಶಾಲ, ಶಾಂತ. ಅದರ ಬಾಯಿಗೆ ಮಾತ್ರ ಗಟ್ಟಿಯಾದ ಮರಳದಿಬ್ಬ ಅಡ್ಡ ಮಲಗಿತ್ತು. ದೊಡ್ಡ ಹಡಗು ಒಳಗೆ ಬರುವಂತಿಲ್ಲ. ಹೊರಗೆ ನಿಂತು ದೋಣಿಗಳಿಗೆ ಮಾಲು ಇಳಿಸಬೇಕು, ಥೇಟ್ ಕುಮಟೆಯ ಪಾಡು. 1920ರ ಏಪ್ರಿಲಿನಲ್ಲಿ ಎಂಜಿನಿಯರ್ ರಾಬರ್ಟ್ ಬ್ರಿಸ್ಟೋ ಅಲ್ಲಿಗೆ ಬಂದರು. ದಿಬ್ಬ ಕಡಿದರೆ ಪಕ್ಕದ ವೈಪಿನ್ ದಂಡೆಯನ್ನು ಕಡಲು ತಿಂದುಬಿಡುತ್ತದೆ ಎಂಬ ಭಯ ಹಳೆಯದು. ಬ್ರಿಸ್ಟೋ ಅವಸರ ಮಾಡಲಿಲ್ಲ. ದಂಡೆಗೆ ಕಲ್ಲಿನ ಒಡ್ಡು ಹಾಕಿಸಿ, ಮಳೆಗಾಲದ ಅಲೆಗೆ ಮಣ್ಣು ನಿಲ್ಲುತ್ತದೋ ಇಲ್ಲವೋ ಪರೀಕ್ಷಿಸಿ, ನಿಲ್ಲುತ್ತದೆಂದು ಖಾತ್ರಿಯಾದ ಮೇಲೆಯೇ ಕಾಲುವೆ ತೋಡುವ ಮಾತೆತ್ತಿದರು.

ಹೂಳೆತ್ತುವ ಹಡಗಿಗೂ ‘ಲಾರ್ಡ್ ವಿಲಿಂಗ್ಡನ್’ ಎಂದೇ ಹೆಸರು. 1926ರಲ್ಲಿ ಬಂದ ಅದು ಹಗಲೂ ರಾತ್ರಿ ದುಡಿಯಿತು. ಇಂಥ ಹಡಗು ತಳದ ಮಣ್ಣನ್ನು ನೀರಿನೊಡನೆ ಹೀರುತ್ತದೆ. ಆ ರಾಡಿ ಕೊಳವೆಗಳಲ್ಲಿ ಹರಿದು ಒಡ್ಡು ಕಟ್ಟಿದ ಜಾಗಕ್ಕೆ ಬೀಳುತ್ತದೆ. ನೀರು ಬಸಿದು ಹೋಗುತ್ತದೆ, ಮಣ್ಣು ಕೂರುತ್ತದೆ, ಪದರದ ಮೇಲೆ ಪದರ ಏರುತ್ತದೆ. ನಮ್ಮಲ್ಲಿ ಬೇಸಿಗೆಗೆ ಕೆರೆಯ ಹೂಳು ತೆಗೆದು ಹೊಲಕ್ಕೆ ಹೇರಿದರೆ ಕೆರೆಯೂ ಆಳವಾಗುತ್ತದೆ, ಹೊಲವೂ ಏಳುತ್ತದೆ. ಕೊಚ್ಚಿಯಲ್ಲಿ ಆದದ್ದೂ ಅದೇ ಲೆಕ್ಕ. ಹಡಗಿನ ದಾರಿಯಿಂದ ತೆಗೆದದ್ದನ್ನು ಸುಮ್ಮನೆ ದೂರದ ಕಡಲಿಗೆ ಚೆಲ್ಲದೆ, ವೆಂಡುರುತ್ತಿ ಎಂಬ ಸಣ್ಣ ಸಹಜ ದ್ವೀಪದ ಪಕ್ಕಕ್ಕೆ ಸುರಿದು ಸುಮಾರು 780 ಎಕರೆ ನೆಲ ಮಾಡಿದರು. ಹಳೆಯ ನಕ್ಷೆಯನ್ನೂ ಹೊಸದನ್ನೂ ಅಕ್ಕಪಕ್ಕ ಹಾಸಿದರೆ ಬದಲಾವಣೆ ಕಣ್ಣಿಗೆ ರಾಚುತ್ತದೆ: ಒಂದರಲ್ಲಿ ವೆಂಡುರುತ್ತಿಯ ಮಗ್ಗುಲಿಗೆ ಬರೀ ನೀರು, ಇನ್ನೊಂದರಲ್ಲಿ ಅಲ್ಲೇ ರಸ್ತೆ, ಹಳಿ, ಧಕ್ಕೆ.

1928ರ ಮೇ 26ರಂದು ‘ಪದ್ಮಾ’ ಎಂಬ ಹಡಗು ಹೊಸ ಕಾಲುವೆಯಲ್ಲಿ ಒಳಗೆ ಬಂದಿತು. 1936ರಲ್ಲಿ ಕೊಚ್ಚಿಗೆ ಪ್ರಮುಖ ಬಂದರಿನ ಸ್ಥಾನ. ಸೇತುವೆಗಳಾದವು, ರೈಲು ನಡುಗಡ್ಡೆಯ ಮೇಲೇ ಬಂದು ನಿಂತಿತು. ಬ್ರಿಸ್ಟೋ 1941ರಲ್ಲಿ ಊರು ಬಿಟ್ಟರು. ಆಮೇಲೆ ‘ಕೊಚ್ಚಿನ್ ಸಾಗಾ’ ಎಂಬ ಪುಸ್ತಕ ಬರೆದರು.

ಎಂಜಿನಿಯರಿನ ಕೈಚಳಕ ದೊಡ್ಡದೇ. ಆದರೆ ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸಿದ್ದು ಅದರ ಹಿಂದಿನ ಕಾಗದ. ಬಂದರಿನ ಬಾಯಿ ಬ್ರಿಟಿಷರದು, ಹಿನ್ನೀರು ಬಹುಪಾಲು ಕೊಚ್ಚಿ ಅರಸರದು, ಮಾಲು ಬರುವ ನಾಡಿನ ದೊಡ್ಡ ಪಾಲು ತಿರುವಾಂಕೂರಿನದು. ಮೂವರೂ ಒಬ್ಬರ ಕಾಲು ಒಬ್ಬರು ಎಳೆಯಬಹುದಿತ್ತು. ಚೌಕಾಸಿ ವರ್ಷಗಟ್ಟಲೆ ನಡೆದೂ ಇತ್ತು. ಕೊನೆಗೆ 1925ರಲ್ಲಿ ಒಪ್ಪಂದವಾಗಿ ಬಂದರಿನ ಖರ್ಚಿಗೂ ಸುಂಕದ ಆದಾಯಕ್ಕೂ ಪಾಲು ಗೊತ್ತಾಯಿತು. ದೊಡ್ಡ ಡ್ರೆಜರ್ ಬಂದದ್ದು ಅದರ ಮರುವರ್ಷ. ಕಾರವಾರದ ಮಟ್ಟಿಗೆ ಇಂಥ ತೊಡಕೇ ಇರಲಿಲ್ಲ. 1862ರಿಂದ ಹೊಲವೂ ದಂಡೆಯೂ ಒಂದೇ ಪ್ರಾಂತದಲ್ಲಿದ್ದವು, ಕೂಡಿಸಿ ಒಪ್ಪಿಸಬೇಕಾದ ಅರಸರಿರಲಿಲ್ಲ. ಆದರೆ ಮುಂಬಯಿಗೆ ತನ್ನದೇ ದೊಡ್ಡ ಬಂದರಿತ್ತು, ಧಾರವಾಡದ ರೈಲಿಗೆ ಮಾರ್ಮಗೋವಾ ಇತ್ತು. ಕಾರವಾರ ಬೆಳೆಯಲೇಬೇಕು ಎಂದು ಪಟ್ಟು ಹಿಡಿಯುವ ಲಾಭ ಅಧಿಕಾರದಲ್ಲಿದ್ದ ಯಾರಿಗೂ ಇರಲಿಲ್ಲ. ಕೊಚ್ಚಿಯಲ್ಲಿ ಅಂಥ ಲಾಭ ಮೂವರಿಗಿತ್ತು. ಕಡತಗಳು ನನಗೆ ಕೊಟ್ಟ ಉತ್ತರ ಇದು.

ನಡುಗಡ್ಡೆಯ ವೈಭವವೂ ಸ್ಥಿರವಾಗಿ ಉಳಿದಿಲ್ಲ. 2011ರಲ್ಲಿ ವಲ್ಲಾರ್‌ಪಾಡಂ ದ್ವೀಪದಲ್ಲಿ ಹೊಸ ಟರ್ಮಿನಲ್ ತೆರೆದ ಮೇಲೆ ಕಂಟೇನರ್ ವಹಿವಾಟು ಅಲ್ಲಿಗೆ ಹೋಯಿತು. ಇತ್ತ ಕಾರವಾರಕ್ಕೆ ರೈಲು ಬಂದದ್ದು 1990ರ ದಶಕದಲ್ಲಿ, ಅದೂ ಕರಾವಳಿಗುಂಟ ಹಾಯುವ ಕೊಂಕಣ ರೈಲು. ಬಯಲುಸೀಮೆಯಿಂದ ಇಳಿದು ಬಂದದ್ದಲ್ಲ. ಕಲಘಟಗಿ ಸೀಮೆ ಹಾದು ಯಲ್ಲಾಪುರದ ಕಾಡಿನೊಳಗಿಂದ ಕಡಲಿಗಿಳಿಯಬೇಕಾದ ಹುಬ್ಬಳ್ಳಿ–ಅಂಕೋಲಾ ಹಳಿ 1990ರ ದಶಕದ ಕೊನೆಗೆ ಮಂಜೂರಾಯಿತು. ಪಶ್ಚಿಮ ಘಟ್ಟದ ಕಾಡಿನ ಪ್ರಶ್ನೆ ಅದಕ್ಕೆ ಅಡ್ಡ ನಿಂತಿದೆ. ಆ ಪ್ರಶ್ನೆ ಸಣ್ಣದಲ್ಲ, ಕಾಡು ಕಳೆದುಕೊಂಡು ಬಂದರು ಪಡೆಯುವುದು ನನಗೆ ಒಪ್ಪಿಗೆಯೂ ಅಲ್ಲ. ಆದರೆ ವೈಪಿನ್ ದಂಡೆಗಾಗಿ ಬ್ರಿಸ್ಟೋ ಒಂದು ಮಳೆಗಾಲ ಕಾದು ನೋಡಿದಷ್ಟು ಶ್ರದ್ಧೆಯಿಂದ, ಘಟ್ಟಕ್ಕೆ ಏಟಾಗದ ದಾರಿ ಇದೆಯೋ ಇಲ್ಲವೋ ಎಂಬುದನ್ನು ಕಲಘಟಗಿ, ಯಲ್ಲಾಪುರದ ಜನರ ಮುಂದೆಯೇ ಕೂತು ಪರೀಕ್ಷಿಸಿ, ಆ ವರದಿಯನ್ನು ಕನ್ನಡದಲ್ಲಿ ಅವರ ಕೈಗೆ ಕೊಡಬೇಕು ಎಂದು ಕೇಳುವ ಹಕ್ಕು ನಮಗಿದೆ.